ಕರೆಂಟ್ ಬಿಲ್ಲನ್ನು ಯಾವ ಕಾಲಂನಲ್ಲಿ ಬರೆಯಬೇಕು?

ನಮ್ಮ ಸಭೆಯ, ಅಂದರೆ ನಮ್ಮ ಚರ್ಚಿನ, ಖಜಾಂಚಿ ಕೆಲಸ ನಾನು ಕೇಳಿ ಪಡೆದಿದ್ದಲ್ಲ. ಹಿಂದಿನವರಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ, ಸಮಿತಿಯಲ್ಲಿ ಯಾರೂ ಮುಂದೆ ಬರಲಿಲ್ಲ, ಅವತ್ತಿನ ಮೀಟಿಂಗಿಗೆ ತಡವಾಗಿ ಬಂದವನು ನಾನೊಬ್ಬನೇ. ಹಾಗೆ ಸಿಕ್ಕಿಬಿದ್ದೆ. ಏಳು ವರ್ಷ ಆ ಲೆಕ್ಕದ ಪುಸ್ತಕ ನನ್ನ ಹತ್ತಿರವೇ ಇತ್ತು.

ಅದಕ್ಕೂ ಮೊದಲು ನಾನು ಕೊಡುತ್ತಿದ್ದ ರೀತಿಯೇ ಬೇರೆ. ಭಾನುವಾರ ಕಾಣಿಕೆ ಚೀಲ ಬಂದಾಗ ಜೇಬಿಗೆ ಕೈ ಹಾಕಿ ಸಿಕ್ಕಿದ ನೋಟು ಹಾಕುತ್ತಿದ್ದೆ, ಅಷ್ಟೇ. ಲೆಕ್ಕ ಹಾಕಿ ಎತ್ತಿಟ್ಟ ದುಡ್ಡೆಲ್ಲ ನೇರವಾಗಿ ದೂರದ ಊರುಗಳಲ್ಲಿ ಯೇಸುವಿನ ವಿಷಯ ಸಾರುವ ಸುವಾರ್ತಾ ಸೇವೆಗೆ ಹೋಗುತ್ತಿತ್ತು. ಸಭೆಗೆ ಕೊಟ್ಟರೆ ಅದು ಫ್ಯಾನಿಗೆ, ಕುರ್ಚಿಗೆ, ಬಣ್ಣಕ್ಕೆ, ಪಾಸ್ಟರ ಸಂಬಳಕ್ಕೆ ಹೋಗುತ್ತದೆ, ಅಂದರೆ ಸುತ್ತಿ ಬಳಸಿ ನಮಗೇ ವಾಪಸ್ ಬರುತ್ತದೆ, ಅದು ಎಂಥ ಕಾಣಿಕೆ ಅನ್ನೋದು ನನ್ನ ವಾದ. ಇದನ್ನು ಬಹಳ ಜನರ ಬಾಯಲ್ಲಿ ಕೇಳಿದ್ದೇನೆ. ಈ ವಾದ ಪೂರ್ತಿ ಸುಳ್ಳು ಅಂತಲೂ ಹೇಳುವುದಿಲ್ಲ. ಬಂದಿದ್ದನ್ನೆಲ್ಲ ತನ್ನ ಮೇಲೇ ಖರ್ಚು ಮಾಡಿಕೊಳ್ಳುವ ಸಭೆಗಳನ್ನು ನಾನೂ ನೋಡಿದ್ದೇನೆ.

ಪುಸ್ತಕ ಕೈಗೆ ಬಂದಾಗ ಅದರಲ್ಲಿ ಎರಡು ಕಾಲಂ ಇದ್ದವು. ಒಂದು 'ಸೇವೆ', ಇನ್ನೊಂದು 'ಖರ್ಚು'. ಮಿಶನರಿ ಕುಟುಂಬಕ್ಕೆ ಕಳಿಸುವ ಹಣ ಸೇವೆ. ಕರೆಂಟು, ನೀರು, ಸ್ವಚ್ಛತೆ, ರಿಪೇರಿ ಎಲ್ಲ ಖರ್ಚು. ನನಗೆ ಹೇಳಿ ಮಾಡಿಸಿದ ಹಾಗಿತ್ತು. ಖರ್ಚು ಇಳಿಸಬೇಕು, ಸೇವೆ ಏರಿಸಬೇಕು. ಮೊದಲ ವರ್ಷವೇ ಸಮಿತಿಯ ಮುಂದೆ ಒಂದು ಪ್ಲಾನ್ ಇಟ್ಟೆ: ವಾರದ ದಿನಗಳಲ್ಲಿ ಸಭಾಮಂದಿರದ ಬಾಗಿಲು ಮುಚ್ಚೋಣ, ಭಾನುವಾರ ಮಾತ್ರ ತೆರೆಯೋಣ, ಉಳಿದ ದುಡ್ಡನ್ನು ಹೊರಗಿನ ಸೇವೆಗೆ ಕಳಿಸೋಣ. ಎಲ್ಲರೂ ಒಪ್ಪಿದರು. ದುಡ್ಡು ಉಳಿಸುವ ಮಾತಿಗೆ ಯಾರು ಬೇಡ ಅಂತಾರೆ, ಅಲ್ವಾ?

ಆಗ ವಾರದ ಸಂಜೆಗಳಲ್ಲಿ ಹಿಂದಿನ ಕೋಣೆಯಲ್ಲಿ ಏನೇನು ನಡೆಯುತ್ತಿತ್ತು ಅಂತ ನಾನು ಹೋಗಿ ನೋಡಿದ್ದೇ ಇಲ್ಲ. ಮಕ್ಕಳು ಓದಲು ಬರುತ್ತಿದ್ದರು. ಕುಡಿತ ಬಿಡಬೇಕು ಅಂತಿದ್ದ ನಾಲ್ಕೈದು ಜನ ಬುಧವಾರ ಕೂತು ಮಾತಾಡುತ್ತಿದ್ದರು. ಇಬ್ಬರು ಹುಡುಗರು ಹಿರಿಯರೊಬ್ಬರ ಹತ್ತಿರ ಬೈಬಲ್ ಪಾಠ ಕಲಿಯುತ್ತಿದ್ದರು. ಬಾಗಿಲು ಮುಚ್ಚಿದ ಮೇಲೆ ಇದೆಲ್ಲ ಯಾರದೋ ಮನೆಯಲ್ಲಿ ನಡೆಯುತ್ತದೆ ಅಂದುಕೊಂಡಿದ್ದೆವು. ನಡೆಯಲಿಲ್ಲ. ಮೊದಲು ಮಕ್ಕಳು ನಿಂತರು, ಆಮೇಲೆ ಆ ಮಕ್ಕಳ ನೆಪದಲ್ಲಿ ಆಗಷ್ಟೇ ಆರಾಧನೆಗೆ ಬರಲು ಶುರು ಮಾಡಿದ್ದ ಅವರ ತಾಯಂದಿರೂ ನಿಂತರು. ಬುಧವಾರದವರಲ್ಲಿ ಒಬ್ಬ ಮತ್ತೆ ಕುಡಿಯಲು ಶುರು ಮಾಡಿದ. ಅದಕ್ಕೆ ಬಾಗಿಲೊಂದೇ ಕಾರಣ ಅಂತ ಹೇಳಲಾರೆ, ಆದರೆ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಮುಂದಿನ ವರ್ಷ ಹೊರಗಿನ ಸೇವೆಗೆ ಹುಡುಗರನ್ನು ಕಳಿಸಬೇಕು ಅಂದಾಗ ಹೋಗುವವರೇ ಇರಲಿಲ್ಲ. ಹಿಂದಿನ ಪುಟಗಳನ್ನು ತಿರುವಿ ನೋಡಿದೆ. ಮೊದಲು ಹೋದವರೆಲ್ಲ ಆ ಹಿಂದಿನ ಕೋಣೆಯಿಂದಲೇ ಹೋದವರು.

ನಾನು ಉಳಿಸಿದ ದುಡ್ಡು ಹೊರಗೆ ಹೋಯಿತು ನಿಜ. ಹೋಗಬೇಕಾದ ಮನುಷ್ಯರು ಮಾತ್ರ ತಯಾರಾಗಲಿಲ್ಲ.

ಆಮೇಲೆ ಬೈಬಲಿನಲ್ಲಿ ಮೊದಲ ಸಭೆಗಳ ಕಥೆ ಹೇಳುವ ಅಪೊಸ್ತಲರ ಕೃತ್ಯಗಳನ್ನು ಖಜಾಂಚಿಯ ಕಣ್ಣಿಂದ ಮತ್ತೆ ಓದಿದೆ. 13ನೇ ಅಧ್ಯಾಯದಲ್ಲಿ ಅಂತಿಯೋಕ್ಯದ ಸಭೆ ಬಾರ್ನಬನನ್ನೂ ಸೌಲನನ್ನೂ (ಮುಂದೆ ಪೌಲ ಅಂತ ಹೆಸರಾದವನು) ಸುವಾರ್ತೆ ಸಾರಲು ಕಳಿಸಿಕೊಡುತ್ತದೆ. ಅದನ್ನು ಎಲ್ಲರೂ ಹೇಳುತ್ತಾರೆ. ಅದಕ್ಕೂ ಮೊದಲು, 11ನೇ ಅಧ್ಯಾಯದಲ್ಲಿ, ಅವರಿಬ್ಬರೂ ಒಂದು ವರ್ಷ ಪೂರ್ತಿ ಅದೇ ಸಭೆಯಲ್ಲಿ ಕೂತು ಜನರಿಗೆ ಕಲಿಸಿದ್ದಾರೆ. ಬರ ಬರುತ್ತದೆ ಅಂತ ಗೊತ್ತಾದಾಗ ಯೂದಾಯದವರಿಗೆ ಕೈಲಾದಷ್ಟು ಸಹಾಯ ಕಳಿಸಿದ್ದೂ ಇದೇ ಸಭೆ. ಪ್ರಯಾಣ ಮುಗಿಸಿ ಬಂದವರು 14ನೇ ಅಧ್ಯಾಯದಲ್ಲಿ ವರದಿ ಒಪ್ಪಿಸಿದ್ದೂ ಅಲ್ಲಿಗೇ. ಕಳಿಸಲು ಒಂದು ಮನೆ, ಮರಳಿ ಬರಲು ಅದೇ ಮನೆ. ಆ ಮನೆ ಬಿದ್ದುಹೋದರೆ ಯಾರು ಯಾರನ್ನು ಕಳಿಸೋದು?

ಹತ್ತು ತಿಂಗಳ ನಂತರ ಬಾಗಿಲು ಮತ್ತೆ ತೆರೆದೆವು. ಮಕ್ಕಳು ಅರ್ಧದಷ್ಟು ಮಾತ್ರ ವಾಪಸ್ ಬಂದರು. ಆ ತಪ್ಪು ನನ್ನದು.

ಪಾಸ್ಟರ ಸಂಬಳದ ವಿಷಯ ಇನ್ನೂ ಕಷ್ಟದ್ದು, ಯಾಕೆಂದರೆ ಆ ಮಾತು ಎತ್ತಿದರೆ ಎಲ್ಲರೂ ನೆಲ ನೋಡುತ್ತಾರೆ. ಒಂದು ವರ್ಷ ಕಾಣಿಕೆ ಇಳಿಯಿತು. ನಮ್ಮ ಸಭಾಪಾಲಕರು ಏನೂ ಹೇಳದೆ ಸಂಜೆ ಹೊತ್ತು ಬೇರೆ ಕೆಲಸಕ್ಕೆ ಹೋಗಲು ಶುರು ಮಾಡಿದರು. ನನಗೆ ಗೊತ್ತಾಗಿದ್ದು ಆಸ್ಪತ್ರೆಯಲ್ಲಿದ್ದ ಅಜ್ಜಿಯೊಬ್ಬರು "ಅಯ್ಯನವರು ಈಗ ಬರೋದೇ ಇಲ್ಲ ಕಣಪ್ಪ" ಅಂದಾಗ. ಹೊಸದೇನಲ್ಲ ಇದು. ಬೈಬಲಿನ ನೆಹೆಮೀಯ 13ರಲ್ಲಿ, ದೇವಾಲಯದ ಸೇವೆಗೆಂದೇ ಇದ್ದ ಲೇವಿಯರಿಗೆ ಕೊಡಬೇಕಾದ ಪಾಲು ಕೊಡದೆ ಇದ್ದಾಗ ಅವರೆಲ್ಲ ದೇವಾಲಯದ ಕೆಲಸ ಬಿಟ್ಟು ತಮ್ಮ ತಮ್ಮ ಹೊಲಗಳಿಗೆ ಹೋಗಿಬಿಟ್ಟಿದ್ದರು. ಆ ನಾಡಿನ ಅಧಿಪತಿಯಾಗಿದ್ದ ನೆಹೆಮೀಯ ಅವರನ್ನು ಬೈಯಲಿಲ್ಲ. ದೇವಾಲಯ ಯಾಕೆ ಹೀಗೆ ಪಾಳು ಬಿದ್ದಿದೆ ಅಂತ ಅಧಿಕಾರಿಗಳನ್ನು ಹಿಡಿದು ಕೇಳಿದ.

ಪೌಲನೇ ಗುಡಾರ ಹೊಲಿದು ಬದುಕಲಿಲ್ಲವಾ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಹೌದು, ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲರ ಜೊತೆ ಆ ಕೆಲಸ ಮಾಡಿದ. ಆದರೆ ಅಪೊಸ್ತಲರ ಕೃತ್ಯ 18ನ್ನು ಮುಂದಕ್ಕೆ ಓದಿ. ಅವನ ಜೊತೆಗಾರರಾದ ಸೀಲ, ತಿಮೊಥೆಯರು ಮಕೆದೋನ್ಯದಿಂದ ಬಂದ ಮೇಲೆ ಅವನು ಪೂರ್ತಿ ಸಾರುವ ಕೆಲಸಕ್ಕೇ ಇಳಿದ. ಯಾಕೆ ಅನ್ನೋದಕ್ಕೆ ಸುಳಿವು ಕೊರಿಂಥದವರಿಗೆ ಬರೆದ ಎರಡನೇ ಪತ್ರದ 11ನೇ ಅಧ್ಯಾಯದಲ್ಲಿದೆ: ಮಕೆದೋನ್ಯದಿಂದ ಬಂದ ಸಹೋದರರು ಅವನ ಕೊರತೆ ನೀಗಿಸಿದರು ಅಂತ. ಮಕೆದೋನ್ಯದ ಸಭೆಗಳೋ, ಬಹಳ ಬಡತನದಲ್ಲಿದ್ದವು. ಅಲ್ಲಿಯೇ ಇದ್ದ ಫಿಲಿಪ್ಪಿಯವರು ಪೌಲ ಥೆಸಲೊನೀಕದಲ್ಲಿದ್ದಾಗಲೂ ಒಂದೆರಡು ಸಲ ಕಳಿಸಿದ್ದರು. ಒಂದು ಊರಿನ ಬಡ ಸಭೆ ಕೂಡಿಸಿದ ಕಾಣಿಕೆ ಇನ್ನೊಂದು ಊರಲ್ಲಿ ಒಬ್ಬ ಮನುಷ್ಯನ ಹಗಲುಗಳನ್ನು ಬಿಡಿಸಿಕೊಟ್ಟಿತು. ದುಡ್ಡು ನಿಜವಾಗಿ ಕೊಳ್ಳುವುದು ಸಮಯವನ್ನು ಅಂತ ನನಗೆ ಅರ್ಥ ಆಗಿದ್ದು ಆಗಲೇ.

ಸರಿ, ಏನು ಮಾಡಿದೆ ಅಂತ ಹೇಳುತ್ತೇನೆ.

ಮೊದಲು ನನ್ನ ಮನೆಯಲ್ಲಿ ಶುರು ಮಾಡಿದೆ. ಸಂಬಳ ಬಂದ ದಿನವೇ ಕಾಣಿಕೆ ಎತ್ತಿಡುವುದು, ಅದರಲ್ಲಿ ದೊಡ್ಡ ಭಾಗ ನನ್ನ ಸಭೆಗೆ, ಉಳಿದದ್ದು ಹೊರಗೆ. ಪೌಲ ಕೊರಿಂಥದವರಿಗೆ ವಾರದ ಮೊದಲ ದಿನ ಅವರವರ ವರಮಾನಕ್ಕೆ ತಕ್ಕ ಹಾಗೆ ತೆಗೆದಿಡಿ ಅಂದಿದ್ದು ಸುಮ್ನೆ ಅಲ್ಲ. ತಿಂಗಳ ಕೊನೆಯಲ್ಲಿ ಉಳಿದದ್ದನ್ನು ಕೊಡುತ್ತೇನೆ ಅಂದರೆ ಉಳಿಯುವುದಿಲ್ಲ. ನಾನು ಎಷ್ಟೋ ವರ್ಷ ಹಾಗೆ ಅಂದುಕೊಂಡು ಕೊಡದೇ ಇದ್ದವನು. ಸಭೆಗೂ ನಿಯಮಿತ ಕಾಣಿಕೆಯೇ ಬೇಕು. ಹಬ್ಬಕ್ಕೊಮ್ಮೆ ದೊಡ್ಡ ಮೊತ್ತ ಬಂದರೆ ಖುಷಿಯಾಗುತ್ತದೆ, ಆದರೆ ಅದನ್ನು ನಂಬಿ ಮಿಶನರಿ ಕುಟುಂಬಕ್ಕೆ 'ತಿಂಗಳು ತಿಂಗಳು ಕಳಿಸುತ್ತೇವೆ' ಅಂತ ಮಾತು ಕೊಡಲಾಗುವುದಿಲ್ಲ. ಸಣ್ಣದಾದರೂ ತಪ್ಪದೆ ಬರುವ ದುಡ್ಡಿನ ಮೇಲೆ ಮಾತ್ರ ಮಾತು ಕೊಡಬಹುದು.

ಎರಡನೆಯದು, ಸಾಮಾನ್ಯ ನಿಧಿಯ ಗೋಳು. ಸ್ಪೀಕರಿಗೆ ಕೊಡಿ ಅಂದರೆ ಕೊಡುತ್ತಾರೆ, ಹೊಸ ಕೀಬೋರ್ಡಿಗೆ ಕೊಡಿ ಅಂದರೆ ಎರಡರಷ್ಟು ಕೊಡುತ್ತಾರೆ, ಒಂದು ಸಲ ಸಣ್ಣ ಫಲಕದಲ್ಲಿ ಹೆಸರು ಬರೆಸುತ್ತೇವೆ ಅಂದಿದ್ದಕ್ಕೆ ಬೆಂಚುಗಳಿಗೆ ಬೇಕಾದ್ದಕ್ಕಿಂತ ಜಾಸ್ತಿ ಬಂತು (ಆ ಫಲಕಗಳನ್ನು ಆಮೇಲೆ ತೆಗೆಸಲು ನಾನು ಪಟ್ಟ ಪಾಡು ಬೇರೆಯೇ ಕಥೆ). ಆದರೆ ಹೆಸರಿಲ್ಲದ ಸಾಮಾನ್ಯ ನಿಧಿಗೆ ಯಾರಿಗೂ ಉತ್ಸಾಹ ಇಲ್ಲ. ಕಟ್ಟಡ ನಿಧಿಗೆ ಅಂತ ಕೊಟ್ಟದ್ದನ್ನು ಬೇರೆಯದಕ್ಕೆ ಮುಟ್ಟುವ ಹಾಗಿಲ್ಲ, ಮುಟ್ಟಬಾರದು ಕೂಡ. ಹಾಗಾಗಿ ಒಂದು ಕಾಲದಲ್ಲಿ ನಮ್ಮಲ್ಲಿ ಬಣ್ಣಕ್ಕೆ ದುಡ್ಡಿತ್ತು, ಮಿಶನರಿ ಕುಟುಂಬಕ್ಕೆ ಕಳಿಸಲು ಇರಲಿಲ್ಲ. ಎರಡು ತಿಂಗಳು ತಪ್ಪಿತು. ಅವರು ಒಂದು ಮಾತೂ ಕೇಳಲಿಲ್ಲ, ಅದೇ ಜಾಸ್ತಿ ಚುಚ್ಚಿತು.

ಅಲ್ಲಿಂದ ನಾನು ವರದಿ ಓದುವ ರೀತಿ ಬದಲಾಯಿಸಿದೆ. ಮೂರು ತಿಂಗಳಿಗೊಮ್ಮೆ ಆರಾಧನೆಯ ನಂತರ ಐದೇ ನಿಮಿಷ. ಬರೀ ಅಂಕಿ ಓದಿದರೆ ಜನ ಆಕಳಿಸುತ್ತಾರೆ. 'ಕರೆಂಟು: ಇಷ್ಟು' ಅನ್ನುವ ಬದಲು 'ಸಂಜೆ ಪಾಠಕ್ಕೆ ಬರುವ ಇಪ್ಪತ್ತೆರಡು ಮಕ್ಕಳು ಕೂತ ಕೋಣೆಯ ಬೆಳಕು: ಇಷ್ಟು' ಅಂತ ಓದಿದೆ. ಪಾಸ್ಟರ ಸಂಬಳ ಓದುವಾಗ ಆ ಮೂರು ತಿಂಗಳಲ್ಲಿ ಅವರು ಹೋದ ಆಸ್ಪತ್ರೆ ಭೇಟಿಗಳನ್ನೂ ನಡೆಸಿದ ಶವಸಂಸ್ಕಾರಗಳನ್ನೂ ಸೇರಿಸಿ ಓದಿದೆ. ಪಾಸ್ಟರಿಗೆ ಇದು ಇಷ್ಟ ಆಗಲಿಲ್ಲ, ಮುಖ ಕೆಂಪಾಯಿತು. ಆದರೆ ಸಭೆಯವರು ಮೊದಲ ಸಲ ತಲೆ ಎತ್ತಿ ಕೇಳಿಸಿಕೊಂಡರು.

ಮೂರನೆಯದು ನಂಬಿಕೆಯ ಪ್ರಶ್ನೆ. ಕಾಣಿಕೆ ಎಣಿಸಲು ಯಾವಾಗಲೂ ಇಬ್ಬರು ಇರಬೇಕು, ಒಂದೇ ಮನೆಯವರಾಗಿರಬಾರದು, ಇಬ್ಬರೂ ಸಹಿ ಹಾಕಬೇಕು ಅಂತ ನಿಯಮ ಮಾಡಿದೆವು. ಹಿರಿಯರೊಬ್ಬರಿಗೆ ಬೇಸರ ಆಯಿತು, "ನನ್ನ ಮೇಲೆ ಅನುಮಾನವಾ?" ಅಂದರು. ಅವರಿಗೆ ಅರಸುಗಳ ಎರಡನೇ ಪುಸ್ತಕದ 12ನೇ ಅಧ್ಯಾಯ ತೋರಿಸಿದೆ. ಅರಸ ಯೆಹೋವಾಷನ ಆಳ್ವಿಕೆಯ 23ನೇ ವರ್ಷದವರೆಗೂ ದೇವಾಲಯದ ರಿಪೇರಿ ಆಗಿರಲಿಲ್ಲ, ದುಡ್ಡು ಬರುತ್ತಿದ್ದರೂ. ಆಮೇಲೆ ಯಾಜಕ ಯೆಹೋಯಾದ ಒಂದು ಪೆಟ್ಟಿಗೆಯ ಮುಚ್ಚಳಕ್ಕೆ ತೂತು ಮಾಡಿ ಯಜ್ಞವೇದಿಯ ಪಕ್ಕ ಇಟ್ಟ. ತುಂಬಿದಾಗ ಅರಸನ ಲೇಖಕನೂ ಮಹಾಯಾಜಕನೂ ಇಬ್ಬರೂ ಬಂದು ಎಣಿಸುತ್ತಿದ್ದರು. ಮಹಾಯಾಜಕನಿಗೇ ಇನ್ನೊಬ್ಬರು ಬೇಕಿತ್ತು, ನಾವೆಷ್ಟರವರು? ಪೌಲನೂ ಅಷ್ಟೇ, ಯೆರೂಸಲೇಮಿನ ಬಡವರಿಗೆ ಕೂಡಿಸಿದ ಹಣದ ಬಗ್ಗೆ ಯಾರೂ ತಪ್ಪು ಹೇಳಬಾರದು ಅಂತ ತನ್ನ ಜೊತೆಗಾರ ತೀತನ ಜೊತೆ ಸಭೆಗಳೇ ಆರಿಸಿದ ಜನರನ್ನೂ ಸೇರಿಸಿ ಕಳಿಸಿದ. ಇನ್ನೊಂದು: ಯಾರು ಎಷ್ಟು ಕೊಡುತ್ತಾರೆ ಅನ್ನೋದು ನಮ್ಮ ಪಾಸ್ಟರಿಗೆ ತಿಳಿಯದ ಹಾಗೆ ನೋಡಿಕೊಂಡೆ. ಅವರೇ ಬೇಡ ಅಂದರು. ಗೊತ್ತಾದರೆ ಪ್ರಸಂಗ ಮಾಡುವಾಗ ಕಣ್ಣು ಅತ್ತ ಹೋಗುತ್ತದೆ ಅಂತ.

ನಾಲ್ಕನೆಯದು ನನಗೆ ಬಹಳ ಮುಖ್ಯ. ಸಭೆ ತನಗೆ ಬಂದದ್ದರಲ್ಲಿ ತಾನೂ ಕೊಡಬೇಕು. ಬೈಬಲಿನ ಅರಣ್ಯಕಾಂಡ 18ರಲ್ಲಿ ಜನರಿಂದ ದಶಮಾಂಶ (ಹತ್ತನೇ ಒಂದು ಪಾಲು) ಪಡೆಯುವ ಲೇವಿಯರೇ ಅದರ ಹತ್ತನೇ ಪಾಲನ್ನು ಮತ್ತೆ ಕೊಡಬೇಕು ಅಂತ ಇದೆ. ಇದನ್ನು ಹಿಡಿದುಕೊಂಡು, ಬಂದ ಕಾಣಿಕೆಯಲ್ಲಿ ನೂರಕ್ಕೆ ಹತ್ತನ್ನು ಬೇರೆ ಯಾವ ಬಿಲ್ ಕಟ್ಟುವುದಕ್ಕೂ ಮೊದಲು ಹೊರಗಿನ ಸೇವೆಗೆ ತೆಗೆದಿಡೋಣ ಅಂದೆ. ಸಮಿತಿಯಲ್ಲಿ ಜಗಳವೇ ಆಯಿತು. ಚಾವಣಿ ಸೋರುತ್ತಿರುವಾಗ ಹೊರಗೆ ಕಳಿಸೋದಾ ಅಂತ. ಕೊನೆಗೆ ಒಂದು ವರ್ಷ ನೋಡೋಣ ಅಂತಾಯಿತು. ಚಾವಣಿ ಇನ್ನೂ ಎಂಟು ತಿಂಗಳು ಸೋರಿತು, ಬಕೆಟ್ ಇಟ್ಟು ಆರಾಧನೆ ಮಾಡಿದೆವು. ಆದರೆ ಕಾಣಿಕೆ ಇಳಿಯಲಿಲ್ಲ, ನಿಧಾನವಾಗಿ ಏರಿತು. ಸಭೆ ತಾನೂ ಕೊಡುತ್ತಿದೆ ಅಂತ ಕಂಡಾಗ ಜನರ ಕೈ ಸಡಿಲ ಆಗುತ್ತದೆ. ನಾನು ಹೊರಗೆ ಒಬ್ಬನೇ ಕಳಿಸುತ್ತಿದ್ದದ್ದಕ್ಕಿಂತ ಸಭೆಯಾಗಿ ಕಳಿಸಿದ್ದು ಎಷ್ಟೋ ಪಟ್ಟು ಹೆಚ್ಚು. ನನಗೆ ಕಾಯಿಲೆಯಾದ ತಿಂಗಳೂ ಅದು ನಿಲ್ಲಲಿಲ್ಲ.

ಸಣ್ಣ ಮೊತ್ತಕ್ಕೆ ನಾಚಿಕೊಳ್ಳುವವರಿಗೆ ನಾನು ಕೆಟರಿಂಗ್ (Kettering) ಅನ್ನೋ ಊರಿನ ಕಥೆ ಹೇಳುತ್ತೇನೆ. 1792ರ ಅಕ್ಟೋಬರ್ 2ರಂದು ಇಂಗ್ಲೆಂಡಿನ ಆ ಪಟ್ಟಣದಲ್ಲಿ ಒಬ್ಬ ವಿಧವೆಯ ಮನೆಯಲ್ಲಿ ಕೆಲವು ಸಣ್ಣ ಸಭೆಗಳ ಪಾಲಕರು ಸೇರಿ ಬ್ಯಾಪ್ಟಿಸ್ಟ್ ಮಿಶನರಿ ಸಂಘ ಶುರು ಮಾಡಿದರು. ಅವತ್ತು ಅವರು ಕೊಡುತ್ತೇವೆ ಅಂತ ಬರೆದುಕೊಟ್ಟದ್ದು ಒಟ್ಟು 13 ಪೌಂಡ್ 2 ಶಿಲಿಂಗ್ 6 ಪೆನ್ಸ್. ಅದೇ ಸಂಘ ಮುಂದಿನ ವರ್ಷ ವಿಲಿಯಂ ಕೇರಿಯನ್ನು ಮಿಶನರಿಯಾಗಿ ಭಾರತಕ್ಕೆ ಕಳಿಸಿತು. ಅವರು ಮೊದಲು ತಡಕಿದ್ದು ತಮ್ಮ ಜೇಬನ್ನೇ.

ಒಂದು ಮಾತನ್ನು ಮಾತ್ರ ನಾನು ಖಜಾಂಚಿಯಾಗಿದ್ದಷ್ಟು ದಿನ ವೇದಿಕೆಯಿಂದ ಹೇಳಲು ಬಿಡಲಿಲ್ಲ: ಕೊಡಿ, ನೂರರಷ್ಟು ವಾಪಸ್ ಬರುತ್ತದೆ ಅನ್ನೋದು. ಅದು ಕಾಣಿಕೆ ಅಲ್ಲ, ಚೀಟಿ ವ್ಯವಹಾರ. ಸಾಲದಲ್ಲಿ ಮುಳುಗಿದ್ದ ಒಬ್ಬರು ಹಾಗೆ ಎಲ್ಲೋ ಕೇಳಿಕೊಂಡು ಬಂದು ಲಕೋಟೆ ಕೊಟ್ಟರು. ನಾನು ಪಾಸ್ಟರನ್ನು ಕೇಳಿ ಅದನ್ನು ವಾಪಸ್ ಕೊಟ್ಟೆ, ಮೊದಲು ಸಾಲ ತೀರಿಸಿ ಅಂದೆ. ಇಲ್ಲದ್ದನ್ನಲ್ಲ, ಇದ್ದದ್ದಕ್ಕೆ ತಕ್ಕ ಹಾಗೆ ಅಂತ ಪೌಲನೂ ಬರೆದಿದ್ದಾನೆ. ತನ್ನಲ್ಲಿದ್ದ ಎರಡೇ ಕಾಸನ್ನೂ ಕಾಣಿಕೆ ಹಾಕಿದ ಬಡ ವಿಧವೆಯ ಕಥೆಯನ್ನು ಕಾಣಿಕೆಯ ಹೊತ್ತಿಗೆ ಎಲ್ಲರೂ ಹೇಳುತ್ತಾರೆ, ಆದರೆ ಮಾರ್ಕ 12ರಲ್ಲಿ ಅದಕ್ಕೆ ಸ್ವಲ್ಪ ಮುಂಚೆಯೇ ವಿಧವೆಯರ ಮನೆ ನುಂಗುವವರ ಬಗ್ಗೆ ಯೇಸು ಎಚ್ಚರಿಸಿದ್ದನ್ನು ಯಾಕೆ ಬಿಡುತ್ತಾರೋ.

ಹೋದ ತಿಂಗಳು ಪುಸ್ತಕವನ್ನು ಹೊಸ ಖಜಾಂಚಿಗೆ ಒಪ್ಪಿಸಿದೆ. ಚಿಕ್ಕ ವಯಸ್ಸಿನ ಹುಡುಗಿ, ಲೆಕ್ಕದಲ್ಲಿ ನನಗಿಂತ ಚುರುಕು. ಪುಟ ತಿರುವುತ್ತಾ, "ಅಂಕಲ್, ಕರೆಂಟ್ ಬಿಲ್ಲನ್ನು ಸೇವೆ ಕಾಲಂನಲ್ಲಿ ಬರೆದಿದ್ದೀರಲ್ಲ, ತಪ್ಪಾಗಿದೆ ಅನ್ಸುತ್ತೆ" ಅಂದಳು. ನಾನು ವಾದ ಮಾಡಲಿಲ್ಲ. ಬುಧವಾರ ಸಂಜೆ ಒಂದು ಸಲ ಹಿಂದಿನ ಕೋಣೆಗೆ ಬಂದು ಹೋಗಮ್ಮ, ಆಮೇಲೆ ನಿನಗೆ ಸರಿ ಕಂಡ ಹಾಗೆ ಬರೆ ಅಂದೆ. ಬಂದಳು. ಬಾಗಿಲ ಹತ್ತಿರವೇ ನಿಂತು ಸ್ವಲ್ಪ ಹೊತ್ತು ನೋಡಿದಳು. ಭಾನುವಾರ ಪುಸ್ತಕ ತೆರೆದಾಗ ಬಿಲ್ಲಿನ ಸಾಲು ಇದ್ದಲ್ಲೇ ಇತ್ತು, ಪಕ್ಕದಲ್ಲಿ ಪೆನ್ಸಿಲಿನಲ್ಲಿ ಸಣ್ಣದಾಗಿ ಬರೆದಿದ್ದಳು: 31 ಜನ.