ಇಲ್ಲಿನ ಡಾಕ್ಟರು ಕೇಳೋದು ರೋಗಿಯನ್ನ, ಭಾವನನ್ನಲ್ಲ

ನಮ್ಮ ಕಡೆ ದೊಡ್ಡ ಆಸ್ಪತ್ರೆಗೆ ಹೋಗೋದು ಅಂದರೆ ನಾಲ್ಕು ಜನ ಸೇರಿ ಹೊರಡೋದು. ಶಿರಸಿಯವರಾದರೆ ಹುಬ್ಬಳ್ಳಿಗೆ, ಹೊನ್ನಾವರ-ಕುಮಟಾದವರು ಮಣಿಪಾಲಕ್ಕೆ, ಕಾರವಾರದವರು ಗೋವಾಕ್ಕೆ. ಪ್ಲಾಸ್ಟಿಕ್ ಚೀಲದಲ್ಲಿ ಹಳೇ ರಿಪೋರ್ಟು, ಮಾತಾಡೋಕೆ ಒಬ್ಬ ಭಾವ. ಒಳಗೆ ಹೋದ ಮೇಲೆ ರೋಗಿ ಸುಮ್ಮನೆ ಕೂತಿರುತ್ತಾರೆ, ಡಾಕ್ಟರು ಕೇಳಿದ್ದಕ್ಕೆಲ್ಲ ಭಾವನೇ ಉತ್ತರ ಕೊಡುತ್ತಾನೆ, ಕೊನೆಗೆ ಸಹಿಯೂ ಅವನದೇ. ಇಂಗ್ಲೆಂಡಿಗೆ ಹೊಸದಾಗಿ ಬಂದವರು ಮೊದಲು ಬಿಡಬೇಕಾದದ್ದು ಇದನ್ನೇ.

ಕಾಗದಪತ್ರದ ವಿಷಯ ಬೇಗ ಮುಗಿಸುತ್ತೇನೆ. ಜಿಪಿ, ಅಂದರೆ ಯಾವ ಕಾಯಿಲೆಗೂ ಮೊದಲು ನೋಡುವ ಮನೆ ಹತ್ತಿರದ ಡಾಕ್ಟರು, ಅವರ ಹತ್ತಿರ ಹೆಸರು ಬರೆಸಿ. ವಿಳಾಸದ ದಾಖಲೆ ಇಲ್ಲ ಅನ್ನೋ ಒಂದೇ ಕಾರಣಕ್ಕೆ ವಾಪಸ್ ಕಳಿಸುವ ಹಾಗಿಲ್ಲ, ಹೆಸರು ಬರೆದುಕೊಳ್ಳೋದಿಲ್ಲ ಅಂದರೆ 14 ದಿನದೊಳಗೆ ಕಾರಣ ಬರೆದುಕೊಡಬೇಕು. ವೀಸಾ ಜೊತೆ ವರ್ಷಕ್ಕೆ 1,035 ಪೌಂಡ್ ಹೆಲ್ತ್ ಸರ್‌ಚಾರ್ಜ್ (ಇಲ್ಲಿನ ಸರ್ಕಾರಿ ಚಿಕಿತ್ಸೆಗೆ ಅಂತ ಮೊದಲೇ ಕಟ್ಟುವ ಹಣ) ಕಟ್ಟಿ ಬಂದವರು ಕೌಂಟರಿನಲ್ಲಿ ಕೈ ಕಟ್ಟಿ ನಿಲ್ಲಬೇಕಾಗಿಲ್ಲ.

ಈಗ ಒಪ್ಪಿಗೆಯ ವಿಷಯ. ನಮ್ಮ ಜೊತೆಗಿರುವ ಆಯಿಗೆ ಕಣ್ಣಿನ ಪೊರೆ ಆಪರೇಷನ್ ಅಂತಾದಾಗ ಡಾಕ್ಟರು ಕುರ್ಚಿಯನ್ನ ನನ್ನ ಕಡೆಯಿಂದ ಅವಳ ಕಡೆ ತಿರುಗಿಸಿಕೊಂಡರು. "ನಂಗೆಂತ ಗೊತ್ತಾಗ್ತು, ಮಾಣಿ ಹತ್ರ ಕೇಳಿ" ಅಂದಳು ಆಯಿ. ಅವರು ಬಿಡಲಿಲ್ಲ. ಏನು ಮಾಡುತ್ತೇವೆ, ಮಾಡಿಸದಿದ್ದರೆ ಏನಾಗುತ್ತದೆ, ಅಪರೂಪಕ್ಕೆ ಇದ್ದ ದೃಷ್ಟಿಯೂ ಹೋಗಬಹುದು, ಎಲ್ಲ ಹೇಳಿದರು. ಹೊರಗೆ ಬಂದ ಮೇಲೆ ಆಯಿಗೆ ಸಿಟ್ಟು, "ಹಿಂಗೆಲ್ಲ ಹೇಳಿ ಹೆದರ್ಸದು ಎಂತಕ್ಕೆ?" ಅಂತ.

ಅದು ಹೆದರಿಸೋದಲ್ಲ, ಕಾನೂನು. ಮಧುಮೇಹ ಇದ್ದ ಒಬ್ಬ ಗರ್ಭಿಣಿಗೆ, ಹೆರಿಗೆಯಲ್ಲಿ ಮಗುವಿನ ಭುಜ ಸಿಕ್ಕಿಕೊಳ್ಳಬಹುದು ಅಂತ ಡಾಕ್ಟರು ಹೇಳಿರಲಿಲ್ಲ. ಹಾಗೇ ಆಯಿತು, ಮಗುವಿಗೆ ಜೀವಮಾನದ ತೊಂದರೆ ಉಳಿಯಿತು. 2015ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ಆ ತಾಯಿಯ ಪರ ತೀರ್ಪು ಕೊಟ್ಟಿತು. ಮಾಂಟ್ಗೊಮರಿ ಕೇಸು ಅಂತಾರೆ. ರೋಗಿಗೆ ಮುಖ್ಯ ಅನ್ನಿಸಬಹುದಾದ ಅಪಾಯವನ್ನ ಹೇಳಲೇಬೇಕು, ಬೇರೆ ದಾರಿ ಇದ್ದರೆ ಅದನ್ನೂ. ಹಾಗಾಗಿ "ಅಪ್ಪನಿಗೆ ಕ್ಯಾನ್ಸರ್ ಅಂತ ಹೇಳ್ಬೇಡಿ ಡಾಕ್ಟ್ರೇ" ಅನ್ನೋದು ಇಲ್ಲಿ ನಡೆಯೋದಿಲ್ಲ. ಅಪ್ಪ ತಾನಾಗಿ "ನನಗೆ ಬೇಡ, ಮಗನಿಗೆ ಹೇಳಿ" ಅಂದರೆ ಬೇರೆ. ಬುದ್ಧಿ ಸ್ಥಿಮಿತದಲ್ಲಿರುವ ದೊಡ್ಡವರ ಪರವಾಗಿ ಗಂಡ, ಹೆಂಡತಿ, ಮಕ್ಕಳು ಯಾರೂ ಸಹಿ ಹಾಕುವ ಹಾಗಿಲ್ಲ.

ದುಭಾಷಿ ಪುಕ್ಕಟೆ ಸಿಗುತ್ತಾರೆ, ಆದರೆ ಕೇಳಬೇಕು. ಕನ್ನಡ ಅಂತ ಬಿಡಿಸಿ ಹೇಳಿ, ಕಾರವಾರದವರು ಬೇಕಾದರೆ ಕೊಂಕಣಿ ಅನ್ನಿ. ಇಲ್ಲದಿದ್ದರೆ ಇಂಡಿಯಾ ಅಂದಕೂಡಲೇ ಹಿಂದಿ ಅಂತ ಬರೆದುಕೊಳ್ಳುತ್ತಾರೆ. ಶಾಲೆಗೆ ರಜೆ ಹಾಕಿಸಿ ಮೊಮ್ಮಗಳನ್ನ ಕರೆದೊಯ್ಯಬೇಡಿ, ಅಜ್ಜಿಯ ಗರ್ಭಕೋಶದ ವಿಷಯ ಹನ್ನೊಂದು ವರ್ಷದ ಹುಡುಗಿ ಇಂಗ್ಲಿಷಿಗೆ ತಿರುಗಿಸಬೇಕಾ?

ಮಕ್ಕಳ ವಿಷಯ ಬಂತು, ಹೇಳಿಬಿಡುತ್ತೇನೆ. ಇಲ್ಲಿ 16 ತುಂಬಿದವರು ತಮ್ಮ ಚಿಕಿತ್ಸೆಗೆ ತಾವೇ ಒಪ್ಪಿಗೆ ಕೊಡಬಹುದು. ಅದಕ್ಕಿಂತ ಚಿಕ್ಕವರಿಗೂ ವಿಷಯ ಪೂರ್ತಿ ಅರ್ಥವಾಗುವಷ್ಟು ತಿಳಿವಳಿಕೆ ಇದ್ದರೆ ಕೊಡಬಹುದು ಅಂತ 1985ರ ಗಿಲಿಕ್ ತೀರ್ಪು ಇದೆ. ಮಗಳು ಒಬ್ಬಳೇ ಒಳಗೆ ಹೋಗುತ್ತಾಳೆ, ನಾವು ಹೊರಗೆ ಮ್ಯಾಗಜಿನ್ ತಿರುವುತ್ತಾ ಕೂತಿರಬೇಕು. ಊರಲ್ಲಿ ಯಾರಿಗೆ ಜ್ವರ ಅಂತ ಸಂಜೆಯೊಳಗೆ ಇಡೀ ಕೇರಿಗೆ ಗೊತ್ತಾಗುತ್ತಿತ್ತು. ಆಗ ಅದು ಕಿರಿಕಿರಿ. ಇಲ್ಲಿ ಯಾರಿಗೂ ಗೊತ್ತಾಗೋದಿಲ್ಲ, ಗಂಜಿ ತಂದುಕೊಡುವವರೂ ಇಲ್ಲ. ಎರಡೂ ಒಟ್ಟಿಗೆ ಸಿಗೋದಿಲ್ಲ ಅಂತ ಕಾಣುತ್ತದೆ, ನನಗಂತೂ ಇನ್ನೂ ಒಗ್ಗಿಲ್ಲ.

ಹಾಗಂತ ಭಾವನಿಗೆ ಬಾಯೇ ಇಲ್ಲ ಅಂತಲ್ಲ. 2021ರಲ್ಲಿ ಮಾರ್ಥಾ ಅನ್ನೋ 13 ವರ್ಷದ ಹುಡುಗಿ ಸೆಪ್ಸಿಸ್ (ಸೋಂಕಿಗೆ ಮೈಯ ಪ್ರತಿಕ್ರಿಯೆಯೇ ಅತಿಯಾಗಿ ಅಂಗಗಳು ಕೆಡೋದು) ಆಗಿ ತೀರಿಕೊಂಡಳು, ಅಪ್ಪ-ಅಮ್ಮ ಆತಂಕ ಹೇಳಿಕೊಂಡರೂ ಡಾಕ್ಟರುಗಳು ಕಿವಿಗೆ ಹಾಕಿಕೊಂಡಿರಲಿಲ್ಲ. ಆಮೇಲೆ ಬಂದದ್ದು ಮಾರ್ಥಾ ರೂಲ್. ರೋಗಿಯ ಸ್ಥಿತಿ ಕೈಮೀರುತ್ತಿದೆ ಅನ್ನಿಸಿದರೆ ಮನೆಯವರೇ ಫೋನ್ ಮಾಡಿ ಬೇರೆ ತಂಡವನ್ನ ಕರೆಸಬಹುದು. ವಾರ್ಡಿನಲ್ಲಿ ಪೋಸ್ಟರ್ ಇರುತ್ತದೆ, ಆ ನಂಬರು ಮೊದಲ ದಿನವೇ ಬರೆದಿಟ್ಟುಕೊಳ್ಳಿ. ದೂರು ಕೊಡೋಕೂ ನಮ್ಮವರಿಗೆ ಹಿಂಜರಿಕೆ, ಸುಮ್ನೆ ಡಾಕ್ಟರ ಹತ್ತಿರ ನಿಷ್ಠುರ ಯಾಕೆ ಅಂತ. ದೂರು ಕೊಟ್ಟಿದ್ದಕ್ಕೆ ಚಿಕಿತ್ಸೆಯಲ್ಲಿ ತಾರತಮ್ಯ ಮಾಡುವ ಹಾಗಿಲ್ಲ. 12 ತಿಂಗಳೊಳಗೆ ಕೊಡಿ, ಸಮಾಧಾನ ಆಗದಿದ್ದರೆ ಮೇಲೆ ಓಂಬುಡ್ಸ್‌ಮನ್, ಅಂದರೆ ದೂರು ವಿಚಾರಿಸುವ ಸ್ವತಂತ್ರ ಅಧಿಕಾರಿ, ಇದ್ದಾರೆ. ನಿಮ್ಮ ದಾಖಲೆಯ ಪ್ರತಿ ಕೇಳಿದರೆ ಸಾಮಾನ್ಯವಾಗಿ ತಿಂಗಳೊಳಗೆ ಪುಕ್ಕಟೆ ಕೊಡಬೇಕು.

ಇದೆಲ್ಲ ಹೇಳಿದ್ದು ಇಲ್ಲೇ ಇರುವವರಿಗೆ. ಆರು ತಿಂಗಳಿಗೆ ಬರುವ ಅಪ್ಪ-ಅಮ್ಮನ ಖರ್ಚಿನ ಲೆಕ್ಕ ಬೇರೆ. ಜಿಪಿ ನೋಡಿದ್ದಕ್ಕೆ, ಎಮರ್ಜೆನ್ಸಿ ವಿಭಾಗದ ಚಿಕಿತ್ಸೆಗೆ ದುಡ್ಡಿಲ್ಲ. ವಾರ್ಡಿಗೆ ಸೇರಿಸಿದರೆ ಬಿಲ್ಲು ಶುರು, ಅದೂ ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ದರದ ಒಂದೂವರೆ ಪಟ್ಟು. ತುರ್ತು ಚಿಕಿತ್ಸೆಯನ್ನ ದುಡ್ಡಿಗಾಗಿ ತಡೆಯುವ ಹಾಗಿಲ್ಲ, ಆದರೆ 500 ಪೌಂಡ್ ಅಥವಾ ಅದಕ್ಕಿಂತ ಜಾಸ್ತಿ ಬಾಕಿ ಉಳಿಸಿದರೆ ಮುಂದಿನ ವೀಸಾಕ್ಕೆ ಕುತ್ತು. ಟಿಕೆಟ್ ಜೊತೆಗೇ ವಿಮೆ ಮಾಡಿಸಿ, ಬಿಪಿ-ಶುಗರ್ ಇದ್ದರೆ ಫಾರ್ಮಿನಲ್ಲಿ ಮುಚ್ಚಿಡಬೇಡಿ. ಊರಿಂದ ತಂದ ನಾಟಿ ಔಷಧಿ ಕುಡಿಯುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಲಿ, ಅವರ ಬಾಯಿಂದಲೇ.