ವಿಡಿಯೊ ಪ್ಲೇಯರ್ ಸುಧಾರಣೆಗೆ ಸಲಹೆ: ಓದುವವರಿಗೆ ತಿಳಿಯುವಂತೆ ಬರೆಯುವುದು ಹೇಗೆ?

ಲಗ್ನದ ಸೀಸನ್ ಮುಗಿಯುವ ಹೊತ್ತಿಗೆ ಕಲಬುರಗಿಯ ಸ್ಟುಡಿಯೊಗಳ ಕಂಪ್ಯೂಟರ್‌ಗಳಲ್ಲಿ ನೂರಾರು ಕ್ಲಿಪ್ ತುಂಬಿರುತ್ತವೆ. ತಾಳಿ ಕಟ್ಟುವ ಕ್ಲಿಪ್ ತೆರೆದರೆ ಚಿತ್ರ ತಡೆತಡೆದು ಓಡುತ್ತದೆ, ಧ್ವನಿ ಮುಂದೆ ಹೋಗಿಬಿಡುತ್ತದೆ. ಶಾಲೆಯ ಲ್ಯಾಬಿನಲ್ಲಿ ಪಾಠದ ವಿಡಿಯೊ ಹಾಕಿದರೆ ಕನ್ನಡ ಸಬ್‌ಟೈಟಲ್ ಇರಬೇಕಾದ ಕಡೆ ಬರೀ ಚೌಕಗಳು. ಆಗ ಎಲ್ಲರೂ ಹೇಳುವುದು ‘ಈ ಪ್ಲೇಯರ್ ಸರಿ ಇಲ್ಲ’ ಎಂದು. ಈ ಮಾತನ್ನು ಹಾಗೇ ಬರೆದು ಕಳಿಸಿದರೆ ಪ್ಲೇಯರ್ ತಯಾರಿಸುವವರು ಏನೂ ಮಾಡಲಾರರು.

ನಮ್ಮ ಕಡೆ ಹೆಚ್ಚು ಬಳಕೆಯಲ್ಲಿರುವ ವಿಎಲ್‌ಸಿ ಪ್ಲೇಯರ್ 1996ರಲ್ಲಿ ಪ್ಯಾರಿಸ್‌ನ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿ ಶುರುವಾಯಿತು. 2001ರಲ್ಲಿ ಮುಕ್ತ ತಂತ್ರಾಂಶವಾಯಿತು, ಅಂದರೆ ಅದರ ಕೋಡನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು. ಈಗ ಅದನ್ನು ನೋಡಿಕೊಳ್ಳುವುದು ವಿಡಿಯೊಲ್ಯಾನ್ ಎಂಬ ಲಾಭರಹಿತ ಸಂಸ್ಥೆ. ಎಂಪಿವಿ ಎಂಬ ಇನ್ನೊಂದು ಪ್ಲೇಯರ್ ಕೂಡ ಮುಕ್ತ ತಂತ್ರಾಂಶವೇ. ಇವಕ್ಕೆ ಕಸ್ಟಮರ್ ಕೇರ್ ನಂಬರ್ ಇಲ್ಲ. ಆದರೆ ಯಾರು ಬೇಕಾದರೂ ದೋಷವನ್ನೋ ಸಲಹೆಯನ್ನೋ ದಾಖಲಿಸಬಹುದು, ಅದನ್ನು ಕೋಡ್ ಬರೆಯುವವರೇ ಓದುತ್ತಾರೆ. ಅವರಲ್ಲಿ ಹೆಚ್ಚಿನವರಿಗೆ ಕನ್ನಡ ಓದಲು ಬಾರದು. ಒತ್ತಕ್ಷರ ಮುರಿದಿದ್ದರೂ ಅದು ತಪ್ಪೆಂದು ಅವರಿಗೆ ಹೊಳೆಯುವುದಿಲ್ಲ. ಅದನ್ನು ನಾವೇ ತೋರಿಸಿಕೊಡಬೇಕು, ಕನ್ನಡ ಬಾರದವರ ಕಣ್ಣಿಗೂ ಕಾಣುವ ಹಾಗೆ ತೋರಿಸಬೇಕು.

ಹೆಜ್ಜೆ 1: ಕೇಳುವುದು ಈಗಾಗಲೇ ಇದೆಯೇ ನೋಡಿ

‘ಬಿಟ್ಟ ಜಾಗದಿಂದ ಮತ್ತೆ ಶುರುವಾಗಬೇಕು’ ಎಂದು ಅನೇಕರು ಕೇಳುತ್ತಾರೆ. ವಿಎಲ್‌ಸಿಯಲ್ಲಿ ಅದು ಇದೆ. ಕಂಟ್ರೋಲ್ ಜೊತೆ ಪಿ ಒತ್ತಿ, ಪ್ರಿಫರೆನ್ಸಸ್ ಕಿಟಕಿಯ ಇಂಟರ್‌ಫೇಸ್ ಭಾಗದಲ್ಲಿ ‘ಕಂಟಿನ್ಯೂ ಪ್ಲೇಬ್ಯಾಕ್’ ಎಂಬುದನ್ನು ‘ಆಲ್ವೇಸ್’ ಮಾಡಿ. ಒಂದೇ ತುಣುಕನ್ನು ಮತ್ತೆ ಮತ್ತೆ ಓಡಿಸಬೇಕಿದ್ದರೆ ವ್ಯೂ ಮೆನುವಿನ ‘ಅಡ್ವಾನ್ಸ್ಡ್ ಕಂಟ್ರೋಲ್ಸ್’ಗೆ ಟಿಕ್ ಹಾಕಿ, ಎ-ಬಿ ಗುಂಡಿ ಬರುತ್ತದೆ. ಸಬ್‌ಟೈಟಲ್ ಹಿಂದೆ ಮುಂದೆ ಆಗಿದ್ದರೆ ಜಿ ಮತ್ತು ಎಚ್ ಕೀಲಿಗಳು 50 ಮಿಲಿಸೆಕೆಂಡಿನಂತೆ ಸರಿಸುತ್ತವೆ. ಧ್ವನಿಗೆ ಜೆ ಮತ್ತು ಕೆ.

ಬೀದರ್ ಕಡೆಯ ಮನೆಗಳಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗು ಎಲ್ಲವೂ ಓಡಾಡುತ್ತವೆ. ಹಿಂದಿಯೂ ಸೇರಿ ನಾಲ್ಕು ಭಾಷೆಯ ಧ್ವನಿ ಇರುವ ಫೈಲ್ ಹಾಕಿದಾಗ ಪ್ರತಿ ಸಲ ಹಿಂದಿಯೇ ಬರುತ್ತದೆ ಎಂಬ ದೂರು ಇಲ್ಲಿ ಸಾಮಾನ್ಯ. ಪ್ರಿಫರೆನ್ಸಸ್‌ನ ಆಡಿಯೊ ಭಾಗದಲ್ಲಿ ‘ಪ್ರಿಫರ್ಡ್ ಆಡಿಯೊ ಲ್ಯಾಂಗ್ವೇಜ್’ ಎಂಬ ಜಾಗವಿದೆ. ಅಲ್ಲಿ ಕೆ, ಎ, ಎನ್ ಎಂದು ಮೂರು ಸಣ್ಣ ಇಂಗ್ಲಿಷ್ ಅಕ್ಷರ ಬರೆದರೆ ಕನ್ನಡ ಮೊದಲು ಬರುತ್ತದೆ. ಅಲ್ಪವಿರಾಮ ಹಾಕಿ ಯು, ಆರ್, ಡಿ ಸೇರಿಸಿದರೆ ಕನ್ನಡ ಇಲ್ಲದ ಫೈಲಿನಲ್ಲಿ ಉರ್ದು ಹಿಡಿಯುತ್ತದೆ. ಹೀಗೆ ಮಾಡಿಯೂ ಹಿಂದಿಯೇ ಬಂದರೆ ಫೈಲ್ ಮಾಡಿದವರು ಧ್ವನಿಗೆ ಭಾಷೆಯ ಗುರುತು ಹಾಕಿಲ್ಲ ಎಂದರ್ಥ. ಕಂಟ್ರೋಲ್ ಜೊತೆ ಜೆ ಒತ್ತಿ ‘ಲ್ಯಾಂಗ್ವೇಜ್’ ಸಾಲು ನೋಡಿದರೆ ಗೊತ್ತಾಗುತ್ತದೆ. ಗುರುತೇ ಇಲ್ಲದ ಫೈಲಿಗೆ ಪ್ಲೇಯರ್ ಏನೂ ಮಾಡಲಾರದು.

ಹೆಜ್ಜೆ 2: ತಪ್ಪು ಯಾರದು?

ಫೈಲಿನದೋ, ಕಂಪ್ಯೂಟರಿನದೋ, ಪ್ಲೇಯರಿನದೋ ಎಂಬುದು ತಿಳಿಯದೆ ಬರೆಯಲು ಕೂರಬೇಡಿ. ಅದೇ ಫೈಲನ್ನು ಇನ್ನೊಂದು ಪ್ಲೇಯರ್‌ನಲ್ಲಿ ಹಾಕಿ ನೋಡಿ, ಆಮೇಲೆ ಅದೇ ಪ್ಲೇಯರ್‌ನಲ್ಲಿ ಬೇರೆ ಫೈಲ್ ಹಾಕಿ. ಎರಡೂ ಪ್ಲೇಯರ್‌ನಲ್ಲಿ ಒಂದೇ ಜಾಗದಲ್ಲಿ ಕೆಟ್ಟರೆ ಫೈಲನ್ನೇ ಅನುಮಾನಿಸಬೇಕು. ಪೆನ್ ಡ್ರೈವ್‌ನಿಂದ ಓಡಿಸುತ್ತಿದ್ದರೆ ಮೊದಲು ಹಾರ್ಡ್ ಡಿಸ್ಕ್‌ಗೆ ನಕಲು ಮಾಡಿಕೊಳ್ಳಿ. 100 ಮೆಗಾಬಿಟ್ ದರದ ಕ್ಯಾಮೆರಾ ಕ್ಲಿಪ್‌ಗೆ ಸೆಕೆಂಡಿಗೆ ಹನ್ನೆರಡೂವರೆ ಮೆಗಾಬೈಟ್ ಓದಬೇಕಾಗುತ್ತದೆ, ಕೆಲವು ಹಳೆಯ ಪೆನ್ ಡ್ರೈವ್‌ಗಳು ಅಷ್ಟನ್ನು ಬಿಡದೆ ಕೊಡಲಾರವು.

ಚಿತ್ರ ತಡೆಯುವುದಕ್ಕೆ ಹೆಚ್ಚಿನ ಸಲ ಕಂಪ್ಯೂಟರೇ ಕಾರಣ. ವಿಡಿಯೊ ಓಡುತ್ತಿರುವಾಗ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಭಾಗದಲ್ಲಿ ಜಿಪಿಯು (ಗ್ರಾಫಿಕ್ಸ್ ಚಿಪ್) ಮೇಲೆ ಒತ್ತಿ. ‘ವಿಡಿಯೊ ಡಿಕೋಡ್’ ಗೆರೆ ಸೊನ್ನೆಯಲ್ಲೇ ಮಲಗಿದ್ದು ಸಿಪಿಯು 100ಕ್ಕೆ ಹತ್ತಿದ್ದರೆ, ಚಿಪ್ ಮಾಡಬೇಕಾದ ಕೆಲಸವನ್ನು ಪ್ರೊಸೆಸರ್ ಒಂದೇ ಹೊರುತ್ತಿದೆ. ಎಚ್.265 ಎಂಬ ವಿಧಾನದಲ್ಲಿ ಹಿಂಡಿ ಸಣ್ಣದು ಮಾಡಿದ ವಿಡಿಯೊದ 8 ಬಿಟ್ ರೂಪವನ್ನು ಚಿಪ್‌ನಲ್ಲೇ ಬಿಡಿಸುವ ಶಕ್ತಿ ಇಂಟೆಲ್‌ನ ಆರನೇ ತಲೆಮಾರಿನ ಪ್ರೊಸೆಸರ್‌ಗಳಿಗೆ ಬಂತು, 10 ಬಿಟ್ ರೂಪಕ್ಕೆ ಏಳನೇ ತಲೆಮಾರು ಬೇಕಾಯಿತು. ನಾಲ್ಕನೇ ತಲೆಮಾರಿನ ಐ3 ಇಟ್ಟುಕೊಂಡು ಹೊಸ ಕ್ಯಾಮೆರಾದ ಎಚ್.265 ರೂಪದ 4ಕೆ ಕ್ಲಿಪ್ ನೋಡುವವರು ಪ್ಲೇಯರನ್ನು ದೂರಿ ಫಲವಿಲ್ಲ. ಇದಕ್ಕೆ ವಿರುದ್ಧವಾಗಿ, ಪ್ರಿಫರೆನ್ಸಸ್‌ನಲ್ಲಿ ‘ಹಾರ್ಡ್‌ವೇರ್ ಆಕ್ಸಿಲರೇಟೆಡ್ ಡಿಕೋಡಿಂಗ್’ ಆಫ್ ಮಾಡಿದ ಕೂಡಲೇ ಚಿತ್ರದ ಮೇಲೆ ಬರುತ್ತಿದ್ದ ಹಸಿರು ಗೆರೆಗಳು ಮಾಯವಾದರೆ, ಅದು ದಾಖಲಿಸಲೇಬೇಕಾದ ದೋಷ. ಆನ್ ಇದ್ದಾಗ ಏನಾಯಿತು, ಆಫ್ ಇದ್ದಾಗ ಏನಾಯಿತು, ಎರಡನ್ನೂ ಬರೆಯಿರಿ.

ಕ್ಯಾಮೆರಾದ ಬ್ಯಾಟರಿ ನಡುವೆಯೇ ಹೋಗಿ ನಿಂತ ಎಂಪಿ4 ಫೈಲ್ ತೆರೆಯುವುದೇ ಇಲ್ಲ. ಯಾವ ಚಿತ್ರ ಎಲ್ಲಿದೆ ಎಂಬ ಸೂಚಿಯನ್ನು ಕ್ಯಾಮೆರಾ ಸಾಮಾನ್ಯವಾಗಿ ರೆಕಾರ್ಡಿಂಗ್ ನಿಲ್ಲಿಸಿದಾಗ ಬರೆಯುತ್ತದೆ. ಸೂಚಿ ಇಲ್ಲದ ಫೈಲ್ ಪುಟ ಸಂಖ್ಯೆ ಇಲ್ಲದೆ ಚೆಲ್ಲಿಹೋದ ಹಾಳೆಗಳ ಹಾಗೆ. ಅದನ್ನು ದುರಸ್ತಿ ಮಾಡುವ ತಂತ್ರಾಂಶಗಳು ಬೇರೆಯೇ ಇವೆ. ಅದೇ ಕ್ಯಾಮೆರಾದಲ್ಲಿ ಅದೇ ಸೆಟ್ಟಿಂಗ್‌ನಲ್ಲಿ ತೆಗೆದ ಒಂದು ಒಳ್ಳೆಯ ಫೈಲನ್ನು ಅವು ಮಾದರಿಯಾಗಿ ಕೇಳುತ್ತವೆ. ಇದನ್ನು ಪ್ಲೇಯರ್ ದೋಷವೆಂದು ಬರೆದರೆ ಮುಚ್ಚಿಬಿಡುತ್ತಾರೆ.

ಹೆಜ್ಜೆ 3: ಕನ್ನಡ ಸಬ್‌ಟೈಟಲ್ ಪರೀಕ್ಷೆ

ನಮ್ಮ ಜಿಲ್ಲೆಗಳ ಓದುಗರು ಅತಿ ಹೆಚ್ಚು ಉಪಕಾರ ಮಾಡಬಹುದಾದ ಜಾಗ ಇದು. ಸಬ್‌ಟೈಟಲ್ ನಾಲ್ಕು ರೀತಿಯಲ್ಲಿ ಕೆಡುತ್ತದೆ, ನಾಲ್ಕಕ್ಕೂ ಕಾರಣ ಬೇರೆ.

ಚೌಕಗಳು ಬಂದರೆ ಆರಿಸಿದ ಫಾಂಟ್‌ನಲ್ಲಿ ಕನ್ನಡ ಇಲ್ಲ. ಪ್ರಿಫರೆನ್ಸಸ್‌ನ ಸಬ್‌ಟೈಟಲ್ ಭಾಗದಲ್ಲಿ ಫಾಂಟ್ ಬದಲಿಸಿ. ವಿಂಡೋಸ್ 8ರ ನಂತರದ ಕಂಪ್ಯೂಟರ್‌ಗಳಲ್ಲಿ ನಿರ್ಮಲಾ ಯುಐ ಇರುತ್ತದೆ, ನೋಟೊ ಸಾನ್ಸ್ ಕನ್ನಡ ಉಚಿತವಾಗಿ ಸಿಗುತ್ತದೆ.

ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬಂದರೆ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ‘ಆನ್ಸಿ’ ಎಂಬ, ಕನ್ನಡ ಹಿಡಿಸದ ಹಳೆಯ ರೂಪದಲ್ಲಿ ಉಳಿಸಿದ್ದಾರೆ. ಹಾಗೆ ಉಳಿಸಿದ ಗಳಿಗೆಯಲ್ಲೇ ಅಕ್ಷರಗಳು ಅಳಿದುಹೋಗಿರುತ್ತವೆ, ಆ ಫೈಲಿನಿಂದ ಮರಳಿ ಪಡೆಯಲು ಬರುವುದಿಲ್ಲ. ವಿಂಡೋಸ್ 10ರ 2019ರ ಮೇ ಅಪ್‌ಡೇಟ್‌ಗಿಂತ ಹಳೆಯ ನೋಟ್‌ಪ್ಯಾಡ್ ತಾನಾಗಿಯೇ ಆನ್ಸಿ ಆರಿಸುತ್ತಿತ್ತು. ‘ಸೇವ್ ಆ್ಯಸ್’ ಕಿಟಕಿಯ ಕೆಳಗೆ ಯುಟಿಎಫ್-8 ಆರಿಸಿ.

ಇಂಗ್ಲಿಷ್ ಅಕ್ಷರಗಳಿಗೆ ತಲೆ ಮೇಲೆ ಗೀಟು ಹಾಕಿದಂಥ ಗೋಜಲು ಬಂದರೆ ಅದು ನುಡಿ ಅಥವಾ ಬರಹದ ಹಳೆಯ ಎನ್‌ಕೋಡಿಂಗ್‌ನಲ್ಲಿ ಟೈಪ್ ಆಗಿದೆ. ‘ಕನ್ನಡ’ ಎಂಬ ಪದವೇ ಇಂಗ್ಲಿಷಿನ ಪಿ ಅಕ್ಷರದಿಂದ ಶುರುವಾಗಿ ಕಾಣುತ್ತದೆ. ಯುನಿಕೋಡ್‌ಗೆ ಪರಿವರ್ತಿಸಿದರೆ ಸರಿಹೋಗುತ್ತದೆ, ಪ್ಲೇಯರ್‌ಗೆ ಇದರಲ್ಲಿ ಕೆಲಸವಿಲ್ಲ.

ನಾಲ್ಕನೆಯದು, ಅಕ್ಷರಗಳು ಇವೆ ಆದರೆ ಒತ್ತು ಕೆಳಗೆ ಇಳಿಯದೆ ಪಕ್ಕದಲ್ಲಿ ನಿಲ್ಲುತ್ತದೆ. ಇದು ಪ್ಲೇಯರಿನದೇ ತಪ್ಪು. ಕನ್ನಡದ ಅಕ್ಷರಗಳನ್ನು ಸಾಲಾಗಿ ಜೋಡಿಸಿದರೆ ಸಾಲದು, ಕೂಡಿಸಿ ಬರೆಯುವ ಕೆಲಸ ಬೇರೆ ಇದೆ. ಹಾರ್ಫ್‌ಬಜ್ ಎಂಬ ಕೋಡ್ ಸಂಗ್ರಹ ಅದನ್ನು ಮಾಡುತ್ತದೆ. ಅದಾಗಲಿ ಅಂಥದೇ ಬೇರೊಂದಾಗಲಿ ಇಲ್ಲದೆ ತಯಾರಾದ ಪ್ಲೇಯರ್‌ಗಳಲ್ಲಿ ಒತ್ತಕ್ಷರ ಮುರಿಯುತ್ತದೆ.

ಪರೀಕ್ಷೆಗೆ ಒಂದು ಸಣ್ಣ ಫೈಲ್ ಮಾಡಿ. ನೋಟ್‌ಪ್ಯಾಡ್‌ನಲ್ಲಿ ಮೊದಲ ಸಾಲಿಗೆ 1, ಎರಡನೇ ಸಾಲಿಗೆ 00:00:01,000 --> 00:00:10,000, ಮೂರನೇ ಸಾಲಿಗೆ ಪದಗಳು, ಆಮೇಲೆ ಒಂದು ಖಾಲಿ ಸಾಲು. ವಿಡಿಯೊದ ಹೆಸರನ್ನೇ ಇಟ್ಟು ಕೊನೆಗೆ ಚುಕ್ಕಿ ಎಸ್‌ಆರ್‌ಟಿ ಸೇರಿಸಿ, ಯುಟಿಎಫ್-8ರಲ್ಲಿ ಉಳಿಸಿ, ಅದೇ ಫೋಲ್ಡರ್‌ನಲ್ಲಿಡಿ.

ಪದಗಳ ಆಯ್ಕೆಯಲ್ಲಿ ಎಚ್ಚರ ಬೇಕು. ಕಲಬುರಗಿ, ಬೀದರ್, ಯಾದಗಿರಿ ಎಂದು ಬರೆದರೆ ಒತ್ತಿನ ತಪ್ಪು ಕಾಣುವುದಿಲ್ಲ, ಯಾಕೆಂದರೆ ಮೂರೂ ಹೆಸರಿನಲ್ಲಿ ಒಂದೂ ಒತ್ತಕ್ಷರ ಇಲ್ಲ. ಭಾಲ್ಕಿ, ಚಿತ್ತಾಪುರ, ಬಸವಕಲ್ಯಾಣ ಬರೆಯಿರಿ. ಅರ್ಕಾವತ್ತು ನೋಡಲು ‘ಕಲಬುರ್ಗಿ’ ಎಂದು ಜನ ಬರೆಯುವ ರೂಪ ಸಾಕು. ಮೂರು ವ್ಯಂಜನ ಕೂಡುವುದಕ್ಕೆ ಮಳಖೇಡದ ‘ರಾಷ್ಟ್ರಕೂಟ’ ಇದೆ. ಪ್ಲೇಯರ್ ಸೋತರೆ ಇವು ‘ಭಾಲ್‌ಕಿ’, ‘ಕಲಬುರ್‌ಗಿ’, ‘ರಾಷ್‌ಟ್‌ರಕೂಟ’ ಆಗುತ್ತವೆ. ತಪ್ಪಾಗಿ ಕಂಡದ್ದರ ಸ್ಕ್ರೀನ್‌ಶಾಟ್ ತೆಗೆಯಿರಿ. ಅದೇ ಪದ ನೋಟ್‌ಪ್ಯಾಡ್‌ನಲ್ಲಿ ಸರಿಯಾಗಿ ಕಂಡದ್ದನ್ನೂ ತೆಗೆಯಿರಿ. ಎರಡನ್ನೂ ಅಕ್ಕಪಕ್ಕ ಇಟ್ಟು, ಬೇರೆ ಕಂಡ ಜಾಗಕ್ಕೆ ಕೆಂಪು ವೃತ್ತ ಹಾಕಿ. ಕನ್ನಡದ ಒಂದಕ್ಷರ ಗೊತ್ತಿಲ್ಲದವರಿಗೂ ಆಗ ವ್ಯತ್ಯಾಸ ಕಾಣುತ್ತದೆ. ಪರೀಕ್ಷೆಯ ಎಸ್‌ಆರ್‌ಟಿ ಫೈಲನ್ನೂ ಫಾಂಟಿನ ಹೆಸರನ್ನೂ ಜೊತೆಗಿಡಿ.

ಹೆಜ್ಜೆ 4: ವಿವರ ಮತ್ತು ಲಾಗ್

ಹೆಲ್ಪ್ ಮೆನುವಿನ ‘ಅಬೌಟ್’ನಲ್ಲಿ ಆವೃತ್ತಿ ಸಂಖ್ಯೆ ಇರುತ್ತದೆ. ‘ಲೇಟೆಸ್ಟ್’ ಎಂದು ಬರೆಯಬೇಡಿ, ಚುಕ್ಕಿ ಸಮೇತ ಪೂರ್ತಿ ಸಂಖ್ಯೆ ಬರೆಯಿರಿ. ವಿಂಡೋಸ್ ಆವೃತ್ತಿ ಮತ್ತು ಗ್ರಾಫಿಕ್ಸ್ ಚಿಪ್ ಹೆಸರು ಸೇರಿಸಿ. ಕಂಟ್ರೋಲ್-ಜೆ ಕಿಟಕಿಯಲ್ಲಿ ಕಾಣುವ ಕೋಡೆಕ್, ರೆಸಲ್ಯೂಷನ್, ಫ್ರೇಮ್ ರೇಟ್ ನಕಲು ಮಾಡಿಕೊಳ್ಳಿ.

ಲಾಗ್ ಎಂದರೆ ಪ್ಲೇಯರ್ ತಾನು ಮಾಡಿದ್ದನ್ನು ಸಾಲು ಸಾಲಾಗಿ ಬರೆದಿಡುವ ದಾಖಲೆ, ಅದನ್ನು ತೆಗೆಯುವಾಗ ಕ್ರಮ ಮುಖ್ಯ. ವಿಡಿಯೊ ತೆರೆಯುವ ಮುಂಚೆ ಕಂಟ್ರೋಲ್ ಜೊತೆ ಎಂ ಒತ್ತಿ ಮೆಸೇಜಸ್ ಕಿಟಕಿ ತೆರೆಯಿರಿ, ವರ್ಬಾಸಿಟಿಯನ್ನು (ಎಷ್ಟು ವಿವರ ಬರೆಯಬೇಕು ಎಂಬುದನ್ನು) 2 ಮಾಡಿ. ಆಮೇಲೆ ವಿಡಿಯೊ ಹಾಕಿ, ದೋಷ ಕಾಣುವವರೆಗೆ ಓಡಿಸಿ, ನಿಲ್ಲಿಸಿ, ಉಳಿಸಿ. ತೊಂದರೆ ಆದ ಮೇಲೆ ಕಿಟಕಿ ತೆರೆದರೆ ಬೇಕಾದ ಸಾಲುಗಳು ಅದರಲ್ಲಿ ಇರುವುದಿಲ್ಲ. ಕಳಿಸುವ ಮುಂಚೆ ಒಮ್ಮೆ ಓದಿ: ಫೋಲ್ಡರ್ ಹೆಸರು, ಗಿರಾಕಿಯ ಹೆಸರು, ನಿಮ್ಮ ಲಾಗಿನ್ ಹೆಸರು ಅದರಲ್ಲಿ ಸೇರಿಕೊಂಡಿರುತ್ತವೆ.

ಹೆಜ್ಜೆ 5: ಮಾದರಿ ಫೈಲ್

ಗಿರಾಕಿಯ ಲಗ್ನದ ವಿಡಿಯೊ ಕಳಿಸಬೇಡಿ, ಅದು ಸಾರ್ವಜನಿಕವಾಗಿ ಉಳಿದುಬಿಡುತ್ತದೆ. ಅದೇ ಕ್ಯಾಮೆರಾ, ಅದೇ ಸೆಟ್ಟಿಂಗ್‌ನಲ್ಲಿ ತಿರುಗುವ ಫ್ಯಾನನ್ನು 10 ಸೆಕೆಂಡ್ ತೆಗೆಯಿರಿ. ಅದರಲ್ಲೂ ದೋಷ ಕಂಡರೆ ಆ ಕ್ಲಿಪ್ಪೇ ಸಾಕು. ಎಡಿಟಿಂಗ್ ತಂತ್ರಾಂಶದಲ್ಲಿ ಕತ್ತರಿಸಿ ಎಕ್ಸ್‌ಪೋರ್ಟ್ ಮಾಡಿದರೆ ವಿಡಿಯೊ ಹೊಸದಾಗಿ ಎನ್‌ಕೋಡ್ ಆಗಿ ದೋಷವೇ ಮಾಯವಾಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಆಗಿ ಕಳಿಸಿದರೂ ಅಷ್ಟೇ, ಅದು ಹಿಂಡಿ ಸಣ್ಣದು ಮಾಡುತ್ತದೆ. ಮೂಲ ಫೈಲನ್ನೇ ಗೂಗಲ್ ಡ್ರೈವ್‌ಗೆ ಹಾಕಿ ಕೊಂಡಿ ಕೊಡಿ.

ಹೆಜ್ಜೆ 6: ಬರೆಯುವುದು

ಗುಂಡಿ ಕೇಳಬೇಡಿ, ಕಷ್ಟ ಹೇಳಿ. ‘ಹಿಂದಿನ ಫ್ರೇಮಿಗೆ ಹೋಗುವ ಗುಂಡಿ ಬೇಕು’ ಎಂಬ ಬೇಡಿಕೆ ನೋಡಿ. ವಿಎಲ್‌ಸಿ 3ರಲ್ಲಿ ಇ ಕೀಲಿ ಒಂದು ಫ್ರೇಮ್, ಅಂದರೆ ಒಂದು ಬಿಡಿ ಚಿತ್ರ, ಮುಂದೆ ಒಯ್ಯುತ್ತದೆ, ಹಿಂದೆ ಬರಲು ಅಂಥ ಕೀಲಿ ಇಲ್ಲ. ವಿಡಿಯೊದಲ್ಲಿ ಪೂರ್ತಿ ಚಿತ್ರ ಆಗಾಗ ಒಂದಿರುತ್ತದೆ, ನಡುವೆ ಉಳಿದವೆಲ್ಲ ಬರೀ ಬದಲಾವಣೆಗಳು. ಒಂದು ಹೆಜ್ಜೆ ಹಿಂದೆ ಬರಲು ಹಿಂದಿನ ಪೂರ್ತಿ ಚಿತ್ರಕ್ಕೆ ಹೋಗಿ ಅಲ್ಲಿಂದ ಮತ್ತೆ ಬಿಡಿಸುತ್ತ ಬರಬೇಕು. ವಿಡಿಯೊ ಹಿಂಡುವ ಎಕ್ಸ್264 ಎಂಬ ಎನ್‌ಕೋಡರ್ ಅನ್ನು ಅದರ ಪಾಡಿಗೆ ಬಿಟ್ಟರೆ ಪೂರ್ತಿ ಚಿತ್ರಗಳ ನಡುವೆ 250 ಫ್ರೇಮ್‌ವರೆಗೆ ಅಂತರ ಬಿಡುತ್ತದೆ, ಸೆಕೆಂಡಿಗೆ 25 ಫ್ರೇಮ್ ಲೆಕ್ಕದಲ್ಲಿ ಅದು 10 ಸೆಕೆಂಡ್. ಬರೀ ಗುಂಡಿ ಕೇಳಿದರೆ ‘ಕಷ್ಟ’ ಎಂಬ ಉತ್ತರ ಬರಬಹುದು. ‘ಹಾರ ಹಾಕುವ ಫೋಟೊ ಆರಿಸುವಾಗ ಕಣ್ಣು ತೆರೆದ ಫ್ರೇಮ್ ದಾಟಿಹೋಗುತ್ತದೆ, ಒಂದೆರಡು ಫ್ರೇಮ್ ಹಿಂದೆ ಹೋಗಬೇಕು’ ಎಂದರೆ ಈಗಷ್ಟೇ ತೋರಿಸಿದ ಒಂದೆರಡು ಫ್ರೇಮನ್ನು ನೆನಪಿನಲ್ಲಿಡುವಂಥ ಬೇರೆ ದಾರಿ ಅವರಿಗೆ ಹೊಳೆಯಬಹುದು. ಅಲ್ಲಿವರೆಗೆ ಎಂಪಿವಿ ಬಳಸಿ, ಅದರಲ್ಲಿ ಅಲ್ಪವಿರಾಮದ ಕೀಲಿ ಹಿಂದಕ್ಕೂ ಪೂರ್ಣವಿರಾಮದ ಕೀಲಿ ಮುಂದಕ್ಕೂ ಒಯ್ಯುತ್ತದೆ.

ಎಂಪಿವಿಗಾಗಿ ಬರೆದ ಸಲಹೆಯ ಒಂದು ಮಾದರಿ ಹೀಗಿರಲಿ:

‘ಶೀರ್ಷಿಕೆ: ಕರೆಂಟ್ ಹೋದಾಗ ನೋಡುತ್ತಿದ್ದ ಜಾಗ ಉಳಿಯಬೇಕು.
ಏನಾಗುತ್ತದೆ: ಮೂರು ಗಂಟೆಯ ವಿಡಿಯೊ ಪರಿಶೀಲಿಸುವಾಗ ಕರೆಂಟ್ ಹೋಗಿ ಕಂಪ್ಯೂಟರ್ ಆಫ್ ಆಗುತ್ತದೆ. ಶಿಫ್ಟ್ ಜೊತೆ ಕ್ಯೂ ಒತ್ತಿ ಮುಚ್ಚಿದರೆ ಮಾತ್ರ ಜಾಗ ಉಳಿಯುತ್ತದೆ, ಹೀಗೆ ಆಫ್ ಆದರೆ ಉಳಿಯುವುದಿಲ್ಲ.
ಎಷ್ಟು ಸಲ: ಬೇಸಿಗೆಯಲ್ಲಿ ಪದೇ ಪದೇ.
ಈಗ ಮಾಡುತ್ತಿರುವುದು: ಹಾಳೆಯ ಮೇಲೆ ಸಮಯ ಬರೆದಿಟ್ಟುಕೊಳ್ಳುವುದು.
ಬೇಕಾದದ್ದು: ಓಡುತ್ತಿರುವಾಗಲೇ ಆಗಾಗ ಜಾಗ ಉಳಿಸುವ ಆಯ್ಕೆ.’

ಮೊದಲು ಹೀಗೆ ಕನ್ನಡದಲ್ಲಿ ಬರೆದುಕೊಂಡು, ಆಮೇಲೆ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯ ಮಾಡಿ. ವ್ಯಾಕರಣ ತಪ್ಪಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಮೆನುಗಳ ಹೆಸರು ಮಾತ್ರ ಇಂಗ್ಲಿಷ್ ಮೆನುವಿನಲ್ಲಿ ಇದ್ದಂತೆಯೇ ಇರಲಿ. ಒಂದು ದಾಖಲೆಯಲ್ಲಿ ಒಂದೇ ವಿಷಯ. ಐದು ಬೇಡಿಕೆ ಒಟ್ಟಿಗೆ ಹಾಕಿದರೆ ನಾಲ್ಕು ಬಗೆಹರಿದರೂ ದಾಖಲೆ ಮುಚ್ಚಲು ಬರುವುದಿಲ್ಲ, ಹಾಗಾಗಿ ಯಾರೂ ಮುಟ್ಟುವುದಿಲ್ಲ.

ಹೆಜ್ಜೆ 7: ಕಳಿಸುವುದು, ಆಮೇಲೆ

ವಿಎಲ್‌ಸಿಯ ದೋಷಗಳು ವಿಡಿಯೊಲ್ಯಾನ್‌ನ ಸ್ವಂತ ಗಿಟ್‌ಲ್ಯಾಬ್ ತಾಣದಲ್ಲಿ ದಾಖಲಾಗುತ್ತವೆ, ಎಂಪಿವಿಯವು ಗಿಟ್‌ಹಬ್‌ನಲ್ಲಿ. ಎರಡಕ್ಕೂ ಖಾತೆ ಬೇಕು. ದಾಖಲಿಸುವ ಮುಂಚೆ ಎರಡು ಮೂರು ಬೇರೆ ಬೇರೆ ಪದ ಹಾಕಿ ಹುಡುಕಿ: ‘ಕನ್ನಡ’ ಎಂದು ಸಿಗದಿದ್ದರೆ ‘ಇಂಡಿಕ್’, ‘ಶೇಪಿಂಗ್’, ‘ಹಿಂದಿ’, ‘ತಮಿಳು’ ಎಂದು ಇಂಗ್ಲಿಷಿನಲ್ಲಿ ಹುಡುಕಿ. ಅಕ್ಷರ ಕೂಡಿಸುವ ತೊಂದರೆ ಈ ಭಾಷೆಗಳಿಗೆಲ್ಲ ಒಂದೇ ಬೇರಿನದು. ಹಳೆಯ ದಾಖಲೆ ಸಿಕ್ಕರೆ ಹೊಸದು ತೆರೆಯದೆ ಅದರಲ್ಲೇ ನಿಮ್ಮ ಸ್ಕ್ರೀನ್‌ಶಾಟ್ ಮತ್ತು ಪರೀಕ್ಷೆಯ ಫೈಲ್ ಸೇರಿಸಿ.

ಉತ್ತರ ವಾರದಲ್ಲೂ ಬರಬಹುದು, ವರ್ಷವೂ ಹಿಡಿಯಬಹುದು. ‘ನೈಟ್‌ಲಿ ಹಾಕಿ ನೋಡಿ’ ಎಂದು ಕೇಳಿದರೆ ಅದು ಇನ್ನೂ ಬಿಡುಗಡೆಯಾಗದ ದಿನನಿತ್ಯದ ಆವೃತ್ತಿ, ವಿಡಿಯೊಲ್ಯಾನ್ ತಾಣದಲ್ಲೇ ಸಿಗುತ್ತದೆ. ಬೇರೆ ತಾಣಗಳಿಂದ ಇಳಿಸಿದ ಪ್ಲೇಯರ್ ಜೊತೆ ಬೇಡದ ತಂತ್ರಾಂಶವೂ ಸೇರಿ ಬರಬಹುದು. ದಿನದ ಕೆಲಸದ ಕಂಪ್ಯೂಟರ್‌ನಲ್ಲಿ ನೈಟ್‌ಲಿ ಬೇಡ, ಬೇರೊಂದರಲ್ಲಿ ಹಾಕಿ. ಜಿಪ್ ರೂಪ ತೆಗೆದುಕೊಂಡು ಬೇರೆ ಫೋಲ್ಡರ್‌ನಲ್ಲಿ ಬಿಚ್ಚಿದರೆ ಇನ್‌ಸ್ಟಾಲ್ ಮಾಡದೆಯೇ ಓಡುತ್ತದೆ. ಅದೇ ಮಾದರಿ ಫೈಲ್, ಅದೇ ಎಸ್‌ಆರ್‌ಟಿ ಹಾಕಿ ನೋಡಿ, ‘ಭಾಲ್ಕಿ’ಯ ಒತ್ತು ಕೆಳಗಿಳಿಯಿತೋ ಇಲ್ಲವೋ ಎಂಬುದನ್ನು ನೈಟ್‌ಲಿಯ ತಾರೀಖಿನ ಸಮೇತ ಅದೇ ದಾಖಲೆಯಲ್ಲಿ ಬರೆಯಿರಿ.