ಟರ್ಮಿನಲ್ ಬೇಡ ಅನ್ನುವವರಿಗೆ ಪ್ಯಾನೆಲ್‌ನಲ್ಲೇ ಒಂದು ಬಟನ್ ಮೆನು

ಸಾಗರದಲ್ಲಿ ನಮ್ಮ ಚಿಕ್ಕಪ್ಪನದು ಒಂದು ಜೆರಾಕ್ಸ್ ಅಂಗಡಿ. ಅಲ್ಲಿನ ಹಳೇ ಕಂಪ್ಯೂಟರ್‌ಗೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್, ಅದರಲ್ಲೂ ಎಕ್ಸ್‌ಎಫ್‌ಸಿಇ ಅನ್ನುವ ಹಗುರ ಡೆಸ್ಕ್‌ಟಾಪ್ ಇರುವ ಆವೃತ್ತಿ ಹಾಕಿಕೊಟ್ಟಿದ್ದೆ. ಕೆಲಸವೆಲ್ಲ ಚೆನ್ನಾಗಿಯೇ ನಡೆಯುತ್ತಿತ್ತು. ಆದರೆ ಪ್ರಿಂಟ್ ಸಿಕ್ಕಿಕೊಂಡಾಗ, ಬ್ಯಾಕಪ್ ತೆಗೆಯುವಾಗ ನನಗೆ ಫೋನ್ ಬರುತ್ತಿತ್ತು. ನಾನು ಕಮಾಂಡ್ ಹೇಳಬೇಕು, ಅವರು ಟರ್ಮಿನಲ್‌ನ ಕಪ್ಪು ಪರದೆಯಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತಬೇಕು, ನಡುವೆ ಒಂದು ಸ್ಪೇಸ್ ತಪ್ಪಿದರೆ ಮತ್ತೆ ಮೊದಲಿಂದ. ಒಂದು ದಿನ “ಆ ಕಪ್ಪು ಪರದೆ ಬೇಡ ಮಾರಾಯ, ಒತ್ತಿದ್ರೆ ಆಗೋ ಹಾಗೆ ಏನಾದ್ರೂ ಮಾಡಿಕೊಡು” ಅಂದರು. ಸರಿಯಾದ ಮಾತೇ ಅಲ್ವಾ?

ಇದಕ್ಕೆ ಹೊಸ ಸಾಫ್ಟ್‌ವೇರ್ ಏನೂ ಬೇಡ. ಒತ್ತಿದರೆ ಕಮಾಂಡ್ ಓಡಿಸುವ ಬಟನ್ ಎಕ್ಸ್‌ಎಫ್‌ಸಿಇ ಪ್ಯಾನೆಲ್‌ನಲ್ಲೇ (ಪರದೆಯ ಅಂಚಿನ ಪಟ್ಟಿ) ಇದೆ, ಅದರ ಹೆಸರು ಲಾಂಚರ್. 1996ರಲ್ಲಿ ಒಲಿವಿಯೇ ಫೂರ್ದಾನ್ ಈ ಡೆಸ್ಕ್‌ಟಾಪ್ ಶುರುಮಾಡಿದಾಗ ಅದು ಒಂದು ಸರಳ ಪ್ಯಾನೆಲ್ ಅಷ್ಟೇ ಆಗಿತ್ತು, ಹಾಗಾಗಿ ಈ ಭಾಗ ತುಂಬ ಪಳಗಿದೆ. ಇಲ್ಲಿ ಕಮಾಂಡ್‌ಗಳನ್ನು ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ, ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಮಾಡಿ.

ಶುರುವಿಗೇ ಒಂದು ಮಾತು. ಬಟನ್‌ನಲ್ಲಿ ಉದ್ದುದ್ದ ಕಮಾಂಡ್ ತುರುಕಬೇಡಿ. ಪ್ರತಿ ಕೆಲಸಕ್ಕೂ ಒಂದು ಚಿಕ್ಕ ಸ್ಕ್ರಿಪ್ಟ್ (ಕಮಾಂಡ್‌ಗಳನ್ನು ಸಾಲಾಗಿ ಬರೆದಿಟ್ಟ ಫೈಲ್) ಬರೆಯಿರಿ, ಬಟನ್ ಆ ಸ್ಕ್ರಿಪ್ಟನ್ನು ಕರೆದರೆ ಸಾಕು. ಕಾರಣ ಇದೆ: ಲಾಂಚರ್‌ನ ಕಮಾಂಡ್ ಜಾಗದಲ್ಲಿ ಬರೆದದ್ದು ಟರ್ಮಿನಲ್‌ನಲ್ಲಿ ಕಮಾಂಡ್ ಓದಿ ಬಿಡಿಸಿಕೊಳ್ಳುವ ಶೆಲ್‌ನ ಕೈಗೆ ಹೋಗುವುದಿಲ್ಲ, ನೇರವಾಗಿ ಓಡುತ್ತದೆ. ಹಾಗಾಗಿ ಟರ್ಮಿನಲ್‌ನಲ್ಲಿ ಚೆಂದವಾಗಿ ನಡೆದ ಪೈಪ್, &&, ~ ಇಂಥ ಶೆಲ್ ಚಿಹ್ನೆಗಳು ಯಾವುವೂ ಅಲ್ಲಿ ಕೆಲಸ ಮಾಡದೆ ಹೋಗುತ್ತವೆ, ಮತ್ತೆ ಯಾಕೆ ಅಂತ ಗಂಟೆಗಟ್ಟಲೆ ತಲೆ ಕೆರೆದುಕೊಳ್ಳಬೇಕಾಗುತ್ತದೆ. ಇನ್ನೊಂದು, ಬ್ಯಾಶ್‌ಆರ್‌ಸಿ ಫೈಲ್‌ನಲ್ಲಿ (ಶೆಲ್‌ನ ಸೆಟ್ಟಿಂಗ್ ಇರುವ ಫೈಲ್) ನೀವು ಸೇರಿಸಿಕೊಂಡ ಪಾತ್ (ಕಮಾಂಡ್ ಹುಡುಕುವ ಫೋಲ್ಡರ್‌ಗಳ ಪಟ್ಟಿ), ಅಲಿಯಾಸ್ (ಕಮಾಂಡ್‌ಗೆ ಇಟ್ಟ ಅಡ್ಡಹೆಸರು) ಎಲ್ಲ ಟರ್ಮಿನಲ್ ತೆರೆದಾಗ ಮಾತ್ರ. ಬಟನ್‌ಗೆ ಅದು ಗೊತ್ತೇ ಇರುವುದಿಲ್ಲ.

ಹೋಮ್ ಫೋಲ್ಡರ್‌ನಲ್ಲಿ ‘ಬಿನ್’ ಅಂತ ಒಂದು ಫೋಲ್ಡರ್ ಮಾಡಿ, ಸ್ಕ್ರಿಪ್ಟ್‌ಗಳೆಲ್ಲ ಅಲ್ಲೇ ಇರಲಿ. ಪ್ರತಿಯೊಂದರ ಮೊದಲ ಸಾಲು #!/ಬಿನ್/ಬ್ಯಾಶ್. ಬರೆದು ಮುಗಿದ ಮೇಲೆ ‘ಸಿಎಚ್‌ಮಾಡ್ +ಎಕ್ಸ್’ ಕೊಟ್ಟು ಓಡಿಸಲು ಅನುಮತಿ ಕೊಡಿ. ಆಮೇಲೆ ಒಮ್ಮೆ ಟರ್ಮಿನಲ್‌ನಲ್ಲೇ ಓಡಿಸಿ ನೋಡಿ. ಅಲ್ಲಿ ನಡೆಯದ್ದು ಬಟನ್‌ನಲ್ಲೂ ನಡೆಯುವುದಿಲ್ಲ.

ಈಗ ಬಟನ್. ಪ್ಯಾನೆಲ್‌ನ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ, ‘ಪ್ಯಾನೆಲ್’, ‘ಆ್ಯಡ್ ನ್ಯೂ ಐಟಮ್ಸ್’, ಪಟ್ಟಿಯಲ್ಲಿ ‘ಲಾಂಚರ್’. ಹೊಸ ಐಕಾನ್ ಬಂದ ಮೇಲೆ ಅದರ ಮೇಲೆ ರೈಟ್ ಕ್ಲಿಕ್ ಮಾಡಿ ‘ಪ್ರಾಪರ್ಟೀಸ್’ ತೆರೆಯಿರಿ. ಪಕ್ಕದಲ್ಲಿರುವ ಚಿಕ್ಕ ಗುಂಡಿಗಳಲ್ಲಿ ಒಂದು, ಹೊಸ ಖಾಲಿ ಐಟಂ ಸೇರಿಸುವುದು. ಅದರಲ್ಲಿ ಹೆಸರು, ಕಮಾಂಡ್, ಐಕಾನ್ ಇಷ್ಟು ತುಂಬಿದರೆ ಸಾಕು. ಕಮಾಂಡ್ ಜಾಗದಲ್ಲಿ /ಹೋಮ್‌ನಿಂದ ಶುರುವಾಗುವ ಪೂರ್ತಿ ದಾರಿ ಕೊಡಿ. ಹೆಸರು ಕನ್ನಡದಲ್ಲೇ ಬರೆಯಿರಿ, ಏನೂ ತೊಂದರೆ ಇಲ್ಲ. ಚಿಕ್ಕಪ್ಪನ ಮೆನುವಿನಲ್ಲಿ ‘ಬ್ಯಾಕಪ್ ತೆಗೆ’, ‘ಸಿಕ್ಕಿಕೊಂಡ ಪ್ರಿಂಟ್ ಬಿಡಿಸು’ ಅಂತಲೇ ಇದೆ.

ಒಂದೇ ಲಾಂಚರ್‌ಗೆ ಎಷ್ಟು ಐಟಂ ಬೇಕಾದರೂ ಸೇರಿಸಬಹುದು. ಆಗ ಮೊದಲನೆಯದು ಪ್ಯಾನೆಲ್ ಮೇಲೆ ಕೂರುತ್ತದೆ, ಉಳಿದವು ಪಕ್ಕದ ಸಣ್ಣ ಬಾಣದೊಳಗೆ ಹೋಗುತ್ತವೆ. ಆ ಬಾಣ ತೀರಾ ಚಿಕ್ಕದು, ಅದನ್ನು ಹುಡುಕಿ ಒತ್ತುವುದು ವಯಸ್ಸಾದವರಿಗೆ ಕಷ್ಟ. ‘ಅಡ್ವಾನ್ಸ್‌ಡ್’ ಟ್ಯಾಬ್‌ಗೆ ಹೋಗಿ ಬಾಣದ ಜಾಗವನ್ನು ‘ಇನ್‌ಸೈಡ್ ಬಟನ್’ ಅಂತ ಬದಲಿಸಿ. ಈಗ ಐಕಾನ್ ಮೇಲೆ ಎಲ್ಲಿ ಒತ್ತಿದರೂ ಪೂರ್ತಿ ಮೆನು ತೆರೆಯುತ್ತದೆ, ಕೈ ತಪ್ಪಿ ಮೊದಲ ಕಮಾಂಡ್ ಓಡುವ ಭಯವೂ ಇಲ್ಲ.

ಬ್ಯಾಕಪ್ ಸ್ಕ್ರಿಪ್ಟ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಾನು ಮೊದಲು ಬರೆದದ್ದು ಒಂದೇ ಸಾಲು, ಬದಲಾದ ಫೈಲ್‌ಗಳನ್ನಷ್ಟೇ ಕಾಪಿ ಮಾಡುವ ಆರ್‌ಸಿಂಕ್ ಹಚ್ಚಿ ಅಂಗಡಿಯ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಕಳಿಸುವುದು. ಚಿಕ್ಕಪ್ಪ ದಿನಾ ಸಂಜೆ ಒತ್ತುತ್ತಿದ್ದರು. ಮೂರು ವಾರ ಆದ ಮೇಲೆ ನಾನು ಹೋಗಿ ಪೆನ್‌ಡ್ರೈವ್ ತೆರೆದರೆ ಹೊಸದೇನೂ ಇಲ್ಲ! ಬೇರೆ ಪೆನ್‌ಡ್ರೈವ್ ಹಾಕಿದ್ದರು, ಅದರ ಹೆಸರು ಬೇರೆ, ಸ್ಕ್ರಿಪ್ಟ್‌ಗೆ ಆ ದಾರಿ ಸಿಗಲಿಲ್ಲ. ಟರ್ಮಿನಲ್ ಆಗಿದ್ದರೆ ತಪ್ಪು ಏನು ಅಂತ ಕಣ್ಣೆದುರೇ ಕಾಣುತ್ತಿತ್ತು. ಬಟನ್ ಒತ್ತಿದಾಗ ಆ ಸಂದೇಶ ಯಾರಿಗೂ ಕಾಣದೆ ಹೋಯಿತು. ಆ ಮೂರು ವಾರದಲ್ಲಿ ಡಿಸ್ಕ್ ಕೈಕೊಡಲಿಲ್ಲ ಅನ್ನುವುದೊಂದೇ ಸಮಾಧಾನ.

ಹಾಗಾಗಿ ಬಟನ್‌ಗೆ ಬರೆಯುವ ಸ್ಕ್ರಿಪ್ಟ್ ಬಾಯಿಬಿಟ್ಟು ಮಾತಾಡಬೇಕು. ಅದಕ್ಕೆ ‘ನೋಟಿಫೈ-ಸೆಂಡ್’ ಇದೆ. ಮಿಂಟ್, ಉಬುಂಟು, ಡೆಬಿಯನ್‌ನಲ್ಲಿ ‘ಲಿಬ್‌ನೋಟಿಫೈ-ಬಿನ್’ ಪ್ಯಾಕೇಜ್ ಜೊತೆ ಬರುತ್ತದೆ. ಉಲ್ಲೇಖ ಚಿಹ್ನೆಯೊಳಗೆ ಕನ್ನಡದಲ್ಲಿ ಏನು ಬರೆದರೂ ಪರದೆಯ ಮೂಲೆಯಲ್ಲಿ ತೋರಿಸುತ್ತದೆ. ಈಗಿನ ಸ್ಕ್ರಿಪ್ಟ್ ಹೀಗೆ ನಡೆಯುತ್ತದೆ: ಮೊದಲು ‘ಮೌಂಟ್‌ಪಾಯಿಂಟ್ -ಕ್ಯು’ ಹಾಕಿ ಸರಿಯಾದ ಪೆನ್‌ಡ್ರೈವ್ ಸೇರಿದೆಯಾ ಅಂತ ನೋಡುತ್ತದೆ, ಇಲ್ಲದಿದ್ದರೆ “ಕೆಂಪು ಪೆನ್‌ಡ್ರೈವ್ ಹಾಕಿ” ಅಂತ ಹೇಳಿ ಅಲ್ಲೇ ನಿಲ್ಲುತ್ತದೆ. ಇದ್ದರೆ “ಶುರುವಾಯಿತು” ಅನ್ನುತ್ತದೆ. ಈ ಸಾಲು ಬಿಡಬೇಡಿ, ಏನೂ ಆಗುತ್ತಿಲ್ಲ ಅನ್ನಿಸಿದರೆ ಜನ ಮತ್ತೆ ಮತ್ತೆ ಒತ್ತುತ್ತಾರೆ. ಆಮೇಲೆ ಆರ್‌ಸಿಂಕ್. ಪೆನ್‌ಡ್ರೈವ್‌ಗಳು ಸಾಮಾನ್ಯವಾಗಿ ಫ್ಯಾಟ್ (ಡ್ರೈವ್‌ನಲ್ಲಿ ಫೈಲ್ ಜೋಡಿಸಿಡುವ ಒಂದು ವಿಧಾನ) ಜಾತಿಯವು, ಅವಕ್ಕೆ ಲಿನಕ್ಸ್‌ನ ಮಾಲೀಕತ್ವ, ಅನುಮತಿ ಇವೆಲ್ಲ ಇಟ್ಟುಕೊಳ್ಳಲು ಬರುವುದಿಲ್ಲ, ಅದಕ್ಕೆ ಎಲ್ಲರೂ ಹೇಳುವ ‘-ಎ’ ಬದಲು ‘-ಆರ್‌ಟಿ’ ಕೊಟ್ಟು ಜೊತೆಗೆ ‘--ಮಾಡಿಫೈ-ವಿಂಡೋ=1’ ಸೇರಿಸಿ; ಫ್ಯಾಟ್‌ನಲ್ಲಿ ಫೈಲ್ ಸಮಯ 2 ಸೆಕೆಂಡ್ ಲೆಕ್ಕದಲ್ಲಿ ದಾಖಲಾಗುವುದರಿಂದ ಇದಿಲ್ಲದಿದ್ದರೆ ಬದಲಾಗದ ಫೈಲ್‌ಗಳೂ ಸುಮ್ನೆ ಮತ್ತೆ ಕಾಪಿಯಾಗುತ್ತವೆ. ‘--ಡಿಲೀಟ್’ ಮಾತ್ರ ಬಟನ್ ಸ್ಕ್ರಿಪ್ಟ್‌ನಲ್ಲಿ ಬೇಡವೇ ಬೇಡ. ಕೊನೆಗೆ ‘ಸಿಂಕ್’ ಅಂತ ಒಂದು ಸಾಲು, ಬರೆಯಲು ಬಾಕಿ ಇರುವುದೆಲ್ಲ ಡ್ರೈವ್‌ಗೆ ಇಳಿಯುವವರೆಗೆ ಅದು ಕಾಯುತ್ತದೆ. ಆರ್‌ಸಿಂಕ್ ಸೊನ್ನೆ ಕೊಟ್ಟು ಮುಗಿದಿದ್ದರೆ “ಆಯ್ತು, ಇಜೆಕ್ಟ್ ಮಾಡಿ ತೆಗೆಯಿರಿ”, ಬೇರೆ ಸಂಖ್ಯೆ ಬಂದರೆ “ಆಗಲಿಲ್ಲ, ಫೋನ್ ಮಾಡಿ”.

ಪ್ರಿಂಟ್ ಬಿಡಿಸುವುದು ಸುಲಭ. ‘ಕ್ಯಾನ್ಸಲ್ -ಎ’ ಕ್ಯೂನಲ್ಲಿರುವ ಕೆಲಸಗಳನ್ನು ರದ್ದು ಮಾಡುತ್ತದೆ, ‘ಕಪ್ಸ್‌ಎನೇಬಲ್’ ಮುಂದೆ ಪ್ರಿಂಟರ್ ಹೆಸರು ಕೊಟ್ಟರೆ ನಿಂತ ಪ್ರಿಂಟರ್ ಮತ್ತೆ ಏಳುತ್ತದೆ. ಹೆಸರು ಬೇಕಾದರೆ ‘ಎಲ್‌ಪಿಸ್ಟಾಟ್ -ಪಿ’ ತೋರಿಸುತ್ತದೆ. ಆದರೆ ಎದುರಿಗೆ ಗಿರಾಕಿ ನಿಂತಿರುವಾಗ ಅವರ ಪ್ರಿಂಟೂ ಹೋಗಬಾರದಲ್ಲ, ಅದಕ್ಕೆ ಮೊದಲು ‘ಝೆನಿಟಿ --ಕ್ವೆಶ್ಚನ್’ ಹಾಕಿ “ಎಲ್ಲ ರದ್ದು ಮಾಡಲೇ?” ಅಂತ ಕೇಳಿಸಿ, ಅದರ ಮುಂದೆ && ಹಾಕಿ ರದ್ದು ಮಾಡುವ ಕಮಾಂಡ್ ಬರೆಯಿರಿ. ಹೌದು ಅಂದರೆ ಮಾತ್ರ ಮುಂದಕ್ಕೆ ಹೋಗುತ್ತದೆ.

ಸುಡೋ (ಅಡ್ಮಿನ್ ಅಧಿಕಾರದಲ್ಲಿ ಕಮಾಂಡ್ ಓಡಿಸುವುದು) ಬೇಕಾಗುವ ಕೆಲಸ ಇದ್ದರೆ ಬಟನ್‌ನಲ್ಲಿ ಸುಡೋ ನಡೆಯುವುದಿಲ್ಲ, ಪಾಸ್‌ವರ್ಡ್ ಕೇಳಲು ಅದಕ್ಕೆ ಟರ್ಮಿನಲ್ ಬೇಕು. ‘ಪಿಕೆಎಕ್ಸೆಕ್’ ಬಳಸಿ, ಪಾಸ್‌ವರ್ಡ್ ಕೇಳುವ ಕಿಟಕಿ ತಾನೇ ಬರುತ್ತದೆ.

ಫೋಟೊ ಕುಗ್ಗಿಸುವ ಕೆಲಸಕ್ಕೆ ಮಾತ್ರ ಪ್ಯಾನೆಲ್ ಬಟನ್ ಸರಿಹೋಗದು. ಆನ್‌ಲೈನ್ ಅರ್ಜಿಗೆ 50 ಕೆಬಿ ಒಳಗೆ ಫೋಟೊ ಬೇಕು ಅಂತ ಜನ ಬರುತ್ತಲೇ ಇರುತ್ತಾರೆ, ಯಾವ ಫೋಟೊ ಅಂತ ಬಟನ್‌ಗೆ ಹೇಗೆ ಗೊತ್ತಾಗಬೇಕು? ಅಲ್ಲಿ ಫೈಲ್ ಮ್ಯಾನೇಜರ್ ಥುನಾರ್‌ನ ರೈಟ್ ಕ್ಲಿಕ್ ಮೆನುವೇ ಸರಿ. ‘ಎಡಿಟ್’ ಕೆಳಗೆ ‘ಕಾನ್ಫಿಗರ್ ಕಸ್ಟಮ್ ಆ್ಯಕ್ಷನ್ಸ್’ ತೆರೆದು ಹೊಸದೊಂದು ಸೇರಿಸಿ, ಕಮಾಂಡ್ ಜಾಗದಲ್ಲಿ ಸ್ಕ್ರಿಪ್ಟ್‌ನ ದಾರಿ, ಅದರ ಮುಂದೆ % ಜೊತೆ ದೊಡ್ಡಕ್ಷರದ ಎಫ್. ಆಯ್ದ ಫೈಲ್‌ಗಳೆಲ್ಲ ಸ್ಕ್ರಿಪ್ಟ್‌ಗೆ ಸಿಗುತ್ತವೆ. ಎರಡನೇ ಟ್ಯಾಬ್‌ನಲ್ಲಿ ‘ಇಮೇಜ್ ಫೈಲ್ಸ್’ ಟಿಕ್ ಮಾಡಿದರೆ ಫೋಟೊ ಮೇಲೆ ಒತ್ತಿದಾಗ ಮಾತ್ರ ಮೆನುವಿನಲ್ಲಿ ಬರುತ್ತದೆ. ಸ್ಕ್ರಿಪ್ಟ್ ಒಳಗೆ ಇಮೇಜ್‌ಮ್ಯಾಜಿಕ್ ಅನ್ನುವ ಫೋಟೊ ಸಾಫ್ಟ್‌ವೇರ್‌ನ ‘ಕನ್ವರ್ಟ್’, ಅದಕ್ಕೆ ‘-ಡಿಫೈನ್ ಜೆಪೆಗ್:ಎಕ್ಸ್‌ಟೆಂಟ್=45ಕೆಬಿ’. 50ರ ಬದಲು 45 ಕೊಟ್ಟರೆ ಅಂಚಿನಲ್ಲಿ ಸಿಕ್ಕಿಬೀಳುವುದು ತಪ್ಪುತ್ತದೆ. ಮೊಬೈಲ್‌ನಿಂದ ಬರುವ ಫೋಟೊಗಳ ಹೆಸರಿನಲ್ಲಿ ನಡುನಡುವೆ ಸ್ಪೇಸ್ ಇರುತ್ತದೆ, ಆದ್ದರಿಂದ ಸ್ಕ್ರಿಪ್ಟ್‌ನಲ್ಲಿ ಆ ಹೆಸರುಗಳು ಬರುವ ಜಾಗದಲ್ಲಿ "$@" ಅಂತ ಉಲ್ಲೇಖ ಚಿಹ್ನೆಯೊಳಗೇ ಬರೆಯಿರಿ, ಇಲ್ಲದಿದ್ದರೆ ಒಂದು ಹೆಸರು ನಾಲ್ಕು ತುಂಡಾಗುತ್ತದೆ. ಕುಗ್ಗಿಸಿದ್ದನ್ನು ಬೇರೆ ಹೆಸರಿನಲ್ಲಿ ಉಳಿಸಿ, ಮೂಲ ಫೋಟೊ ಗಿರಾಕಿಯದು, ಅದನ್ನು ಮುಟ್ಟಬಾರದು.

ಮೆನು ಬೇಡ, ಪರದೆ ಮೇಲೆ ದೊಡ್ಡ ದೊಡ್ಡ ಗುಂಡಿಗಳೇ ಬೇಕು ಅನ್ನುವವರು ಕಿಟಕಿ, ಗುಂಡಿ ತೋರಿಸುವ ‘ಯಾಡ್’ ಅನ್ನುವ ಸಾಫ್ಟ್‌ವೇರ್ ಹಾಕಿಕೊಳ್ಳಿ. ಅದರ ‘--ಫಾರ್ಮ್’ನಲ್ಲಿ ಪ್ರತಿ ‘--ಫೀಲ್ಡ್’ಗೂ ಹೆಸರು, ಕೋಲನ್, ‘ಎಫ್‌ಬಿಟಿಎನ್’ ಕೊಟ್ಟು, ಸಾಲಿನ ಕೊನೆಯಲ್ಲಿ ಅದೇ ಕ್ರಮದಲ್ಲಿ ಸ್ಕ್ರಿಪ್ಟ್‌ಗಳ ದಾರಿ ಬರೆದರೆ ಒಂದೊಂದೂ ಗುಂಡಿಯಾಗುತ್ತದೆ. ಒತ್ತಿದ ಮೇಲೂ ಕಿಟಕಿ ಮುಚ್ಚುವುದಿಲ್ಲ, ‘--ಕಾಲಮ್ಸ್=2’ ಕೊಟ್ಟರೆ ಎರಡು ಸಾಲಾಗಿ ಕೂರುತ್ತವೆ.

ಎಲ್ಲ ಸರಿಹೋದ ಮೇಲೆ ‘ಬಿನ್’ ಫೋಲ್ಡರ್, ಮತ್ತೆ ಹೋಮ್‌ನಲ್ಲಿ .ಕಾನ್ಫಿಗ್ ಒಳಗಿನ ಎಕ್ಸ್‌ಎಫ್‌ಸಿಇ4 ಫೋಲ್ಡರ್, ಈ ಎರಡನ್ನೂ ಅದೇ ಬ್ಯಾಕಪ್ ಸ್ಕ್ರಿಪ್ಟ್‌ಗೆ ಸೇರಿಸಿಬಿಡಿ. ನೀವು ಮಾಡಿದ ಬಟನ್‌ಗಳೆಲ್ಲ ಅಲ್ಲೇ ಇರುತ್ತವೆ.